ಮೊದಲು ಎಫ್‌ಪಿಎಸ್‌ಗೆ ಕ್ಯಾಪ್ ಹಾಕಿ, ಆಮೇಲೆ ಮಾತಾಡೋಣ

ನಮಸ್ಕಾರ. ಇವತ್ತು ಎಸ್‌ಎಸ್‌ಡಿ ಬಗ್ಗೆ ಮಾತಾಡಬೇಕಿತ್ತು. ಸ್ಕ್ರಿಪ್ಟ್ ಕೂಡ ರೆಡಿ ಇತ್ತು. ಆದರೆ ಹೋದ ವಿಡಿಯೊದಲ್ಲಿ ಆಟದ ಎಫ್‌ಪಿಎಸ್‌ಗೆ, ಅಂದರೆ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ತಯಾರಿಸುವ ಫ್ರೇಮ್‌ಗಳ (ಚಿತ್ರಗಳ) ಲೆಕ್ಕಕ್ಕೆ, ಒಂದು ಕ್ಯಾಪ್ (ಮಿತಿ) ಹಾಕಿ ಅಂದಿದ್ದೆ. ಅದರ ಕೆಳಗೆ ಬಂದ ಒಂದು ಕಾಮೆಂಟ್ ನನ್ನ ತಲೆ ಕೆಡಿಸಿದೆ. ಓದುತ್ತೇನೆ, ಕೇಳಿ.

"ಅಣ್ಣ, ಎಫ್‌ಪಿಎಸ್‌ಗೆ ಕ್ಯಾಪ್ ಹಾಕೋದಾದ್ರೆ ಅಷ್ಟು ದುಡ್ಡು ಕೊಟ್ಟು ಗ್ರಾಫಿಕ್ಸ್ ಕಾರ್ಡ್ ಯಾಕೆ ತಗೋಬೇಕು? ಜೀಪ್ ತಗೊಂಡು ಸೆಕೆಂಡ್ ಗೇರಲ್ಲೇ ಓಡಿಸಿದ ಹಾಗಾಯ್ತು."

ನನ್ನ ವಿಡಿಯೊಗಿಂತ ಆ ಕಾಮೆಂಟ್‌ಗೇ ಜಾಸ್ತಿ ಮರ್ಯಾದೆ ಸಿಕ್ಕಿದೆ. ಕೆಳಗೆ ಎಲ್ಲರೂ ನಗುತ್ತಿದ್ದಾರೆ. ಇನ್ನೊಬ್ಬ ಬರೆದಿದ್ದಾನೆ, "ಕ್ಯಾಪ್ ಹಾಕು ಅಂತ ಹೇಳಿ ನಮಗೆ ಟೋಪಿ ಹಾಕ್ತಿದ್ದಾನೆ" ಅಂತ. ಚೆನ್ನಾಗಿದೆ, ನಾನೂ ನಕ್ಕೆ. ಈಗ ಉತ್ತರ ಕೇಳು.

ಮಾರಾಯ, ನಮ್ಮ ಮಡಿಕೇರಿ ಹತ್ತಿರದ ಮಾಂದಲ್‌ಪಟ್ಟಿ ಬೆಟ್ಟಕ್ಕೆ ಹೋಗುವ ಜೀಪಿನಲ್ಲಿ ಯಾವತ್ತಾದರೂ ಕೂತಿದ್ದೀಯಾ? ಆ ರಸ್ತೆಯಲ್ಲಿ ಟಾಪ್ ಗೇರ್ ಹಾಕಿ ತೋರಿಸು ನೋಡೋಣ. ರಸ್ತೆಗೆ ತಕ್ಕ ಗೇರ್ ಹಾಕುವವನೇ ಡ್ರೈವರ್. ನೀನು ಮಾಡುತ್ತಿರುವುದು ಬೇರೆ. ಗಾಡಿಯನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಆಕ್ಸಿಲರೇಟರ್ ತುಳಿಯುತ್ತಿದ್ದೀಯ. ಸೌಂಡ್ ಬರುತ್ತದೆ, ಡೀಸೆಲ್ ಉರಿಯುತ್ತದೆ, ಗಾಡಿ ಮಾತ್ರ ಒಂದಿಂಚೂ ಕದಲುವುದಿಲ್ಲ.

ನಿನ್ನ ಮಾನಿಟರ್ 60 ಹರ್ಟ್ಸ್. ನೀನೇ ಬರೆದಿದ್ದೀಯ. ಅಂದರೆ ಅದು ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಿಸುತ್ತದೆ. ನಿನ್ನ ಕಾರ್ಡ್ 170 ಫ್ರೇಮ್ ತಯಾರು ಮಾಡುತ್ತಿದೆ. ಉಳಿದ 110 ಎಲ್ಲಿ ಹೋಯಿತು? ಕಸಕ್ಕೆ. ಇಲ್ಲವೇ ಅರ್ಧ ಈ ಫ್ರೇಮು, ಅರ್ಧ ಆ ಫ್ರೇಮು ಸೇರಿ ಚಿತ್ರ ಮಧ್ಯದಲ್ಲಿ ಹರಿದ ಹಾಗೆ ಕಾಣಿಸುತ್ತದೆ. ಆ ಕಸ ತಯಾರಿಸಲು ಕಾರ್ಡ್ ಪೂರ್ತಿ ಕರೆಂಟ್ ಎಳೆಯುತ್ತದೆ, ಪೂರ್ತಿ ಬಿಸಿಯಾಗುತ್ತದೆ, ಫ್ಯಾನ್ ಕಿರುಚುತ್ತದೆ. ಕ್ಯಾಪ್ ಹಾಕು. ಅಷ್ಟೇ ನಾನು ಹೇಳುತ್ತಿರುವುದು.

ಎರಡನೇ ಕಾಮೆಂಟ್‌ಗೆ ಬರುತ್ತೇನೆ. ಇದು ಇನ್ನೂ ಜೋರು. "ನಮ್ಮ ಕೊಡಗು ತಣ್ಣಗಿದೆ ಅಣ್ಣ, ಹೀಟ್ ಪ್ರಾಬ್ಲಮ್ ಬೆಂಗಳೂರಿನವರಿಗೆ."

ಆಹಾ. ಮಡಿಕೇರಿ ಸಾವಿರ ಮೀಟರ್‌ಗಿಂತ ಮೇಲಿದೆ, ಒಪ್ಪಿದೆ. ಕಕ್ಕಡ ತಿಂಗಳ ಜೋರು ಮಳೆಯಲ್ಲಿ ಕೈ ಮರಗಟ್ಟಿ ಕೀಬೋರ್ಡ್ ಒತ್ತುವುದಕ್ಕೇ ಆಗುವುದಿಲ್ಲ, ಅದೂ ನಿಜ. ಆದರೆ ಆ ಚಳಿಗೆ ನೀನು ಏನು ಮಾಡುತ್ತೀಯ? ಲ್ಯಾಪ್‌ಟಾಪನ್ನು ಹಾಸಿಗೆಗೆ ತಂದು, ಕಂಬಳಿಯ ಮೇಲೆ ಇಟ್ಟುಕೊಂಡು ಆಡುತ್ತೀಯ. ಗೇಮಿಂಗ್ ಲ್ಯಾಪ್‌ಟಾಪ್‌ಗಳು ಸಾಮಾನ್ಯವಾಗಿ ಗಾಳಿ ಎಳೆಯುವುದು ಅಡಿಯಿಂದ. ಅಡಿಯಲ್ಲಿ ಕಂಬಳಿ. ಹೊರಗೆ 16 ಡಿಗ್ರಿ ಇದ್ದರೆ ಒಳಗಿರುವ ಪ್ರೊಸೆಸರ್‌ಗೆ ಏನು ಗೊತ್ತಾಗಬೇಕು? ಅದು 95 ಡಿಗ್ರಿಯಲ್ಲಿ ಬೇಯುತ್ತಿದೆ. ಎಷ್ಟೋ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಸಿಪಿಯು (ಪ್ರೊಸೆಸರ್) ಮತ್ತು ಗ್ರಾಫಿಕ್ಸ್ ಚಿಪ್ ಎರಡಕ್ಕೂ ಬಿಸಿ ಸಾಗಿಸುವ ಹೀಟ್‌ಪೈಪ್ ಒಂದೇ. ಒಂದು ಬಿಸಿಯಾದರೆ ಇನ್ನೊಂದಕ್ಕೂ ಬಿಸಿ. ಬಿಸಿ ಮಿತಿ ಮೀರಿದ ಕೂಡಲೇ ಚಿಪ್ ತನ್ನನ್ನು ಉಳಿಸಿಕೊಳ್ಳಲು ಸ್ಪೀಡ್ ಇಳಿಸುತ್ತದೆ. ಮೊದಲು 120 ಎಫ್‌ಪಿಎಸ್, ಸ್ವಲ್ಪ ಹೊತ್ತಾದ ಮೇಲೆ 50. ಆಗ ನನ್ನ ಇನ್‌ಬಾಕ್ಸ್‌ಗೆ ಮೆಸೇಜ್. "ಅಣ್ಣ, ಲ್ಯಾಗ್ ಹೊಡೀತಾ ಇದೆ, ಯಾವ ರಿಜಿಸ್ಟ್ರಿ ಚೇಂಜ್ ಮಾಡ್ಲಿ?"

ರಿಜಿಸ್ಟ್ರಿ ಅಂದರೆ ವಿಂಡೋಸ್ ಒಳಗಿನ ಸೆಟ್ಟಿಂಗ್‌ಗಳ ಕಡತ. ಅದರಲ್ಲಿ ಯಾವುದನ್ನೂ ಮುಟ್ಟುವುದು ಬೇಡ. ಕ್ಯಾಪ್ ಹಾಕು. ಕೆಳಗೆ ಒಂದು ಹಲಗೆ ಇಡು. ಹಲಗೆ ಉಚಿತ, ಕ್ಯಾಪ್ ಉಚಿತ.

ಇಲ್ಲಿ ಒಂದು ನಿಮಿಷ. ಈ ಚಾನೆಲ್ ಕೂಡ ಉಚಿತ. ಸಬ್‌ಸ್ಕ್ರೈಬ್ ಬಟನ್‌ಗೆ ಕರೆಂಟ್ ಬಿಲ್ ಬರುವುದಿಲ್ಲ. ಒತ್ತಿ.

ಕರೆಂಟ್ ಅಂದೆ ನೋಡಿ, ನಮ್ಮ ಊರಿನ ಕಥೆ ಅಲ್ಲೇ ಇರುವುದು. ಜೂನ್‌ನಿಂದ ಆಗಸ್ಟ್‌ವರೆಗೆ ನಾಪೋಕ್ಲು, ಭಾಗಮಂಡಲ ಕಡೆಯವರನ್ನು ಕೇಳಿ. ಗಾಳಿ ಬಂತು, ಮರ ಬಿತ್ತು, ಲೈನ್ ಹೋಯಿತು. ಮನೆಯಲ್ಲಿ ಇರುವುದು 600 ವಿಎ ಯುಪಿಎಸ್. ಅಂಥದ್ದು ಸಾಮಾನ್ಯವಾಗಿ ಕೊಡಬಲ್ಲದ್ದು ಸುಮಾರು 360 ವ್ಯಾಟ್. ಕ್ಯಾಪ್ ಇಲ್ಲದ ಕಾರ್ಡ್ ಒಂದೇ 200 ವ್ಯಾಟ್ ನುಂಗುತ್ತದೆ. ಅದರ ಮೇಲೆ ಪ್ರೊಸೆಸರ್, ಮಾನಿಟರ್. ಕರೆಂಟ್ ಹೋದ ಕ್ಷಣ ಯುಪಿಎಸ್ ಕುಯ್ಯೋ ಅಂದು ಕೈ ಎತ್ತುತ್ತದೆ. ಅದೇ ಆಟಕ್ಕೆ 60 ಕ್ಯಾಪ್ ಹಾಕಿ ನೋಡಿ. ಹಗುರವಾದ ಆಟಗಳಲ್ಲಿ ಕಾರ್ಡ್ ಎಳೆಯುವುದು ಅರ್ಧಕ್ಕರ್ಧ ಇಳಿಯುತ್ತದೆ. ಮ್ಯಾಚ್ ಮುಗಿಸಿ ಸಿಸ್ಟಮ್ ಆಫ್ ಮಾಡುವಷ್ಟು ಟೈಮ್ ಸಿಗುತ್ತದೆ. ಮನೆಗೆಲ್ಲ ಒಂದೇ ಇನ್ವರ್ಟರ್ ಇರುವವರು ಅದರ ಹಿಂದೆ ಯುಪಿಎಸ್ ಮೋಡ್ ಸ್ವಿಚ್ ಇದೆಯಾ ನೋಡಿ. ಇನ್ನೊಂದು ಮೋಡ್‌ನಲ್ಲಿ ಅದು ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಪಿಸಿ ರೀಸ್ಟಾರ್ಟ್ ಆಗಿರುತ್ತದೆ. ಆಮೇಲೆ "ವಿಂಡೋಸ್ ಸರಿ ಇಲ್ಲ" ಅಂತ ಬೈಯಬೇಡಿ.

"ಇದೆಲ್ಲ ಸುಮ್ನೆ ಹೆದರಿಸೋದು, ಆಟದ ಫ್ರೇಮ್‌ನಿಂದ ಕಾರ್ಡ್ ಸುಡುತ್ತಾ?" ಅಂತ ಒಬ್ಬ ದೊಡ್ಡ ಮನುಷ್ಯ ಕೇಳಿದ್ದಾನೆ. ಬಾ, ಇತಿಹಾಸ ಹೇಳುತ್ತೇನೆ. 2010ರಲ್ಲಿ ಸ್ಟಾರ್‌ಕ್ರಾಫ್ಟ್ 2 ಅನ್ನೋ ಆಟ ಬಂತು. ಅದರ ಮೆನುವಿನಲ್ಲಿ ಕ್ಯಾಪ್ ಇರಲಿಲ್ಲ. ಆಟವೂ ಅಲ್ಲ, ಬರೀ ಮೆನು! ಕಾರ್ಡ್‌ಗಳು ಪೂರ್ತಿ ಸ್ಪೀಡಲ್ಲಿ ಮೆನು ಚಿತ್ರ ಬಿಡಿಸುತ್ತಾ ಕೂತು ವಿಪರೀತ ಬಿಸಿಯಾದವು. ಆಟ ಮಾಡಿದ ಬ್ಲಿಝಾರ್ಡ್ ಕಂಪನಿಯವರೇ ಸೆಟ್ಟಿಂಗ್ಸ್ ಫೈಲಿಗೆ ಎರಡು ಸಾಲು ಸೇರಿಸಿ ಎಂದರು. ಆಟಕ್ಕೆ 60, ಮೆನುವಿಗೆ 30. ಅದೇನು? ಕ್ಯಾಪ್!

ಸರಿ, ಹಳೇ ಕಥೆ ಅನ್ನುತ್ತೀಯಾ? 2021ರ ಜುಲೈ. ಅಮೆಜಾನ್‌ನವರ ನ್ಯೂ ವರ್ಲ್ಡ್ ಆಟದ ಬೀಟಾ, ಅಂದರೆ ಪರೀಕ್ಷೆಗೆ ಬಿಟ್ಟ ಆವೃತ್ತಿ. ಕೆಲವರ ಆರ್‌ಟಿಎಕ್ಸ್ 3090 ಗ್ರಾಫಿಕ್ಸ್ ಕಾರ್ಡ್‌ಗಳು ಸತ್ತೇ ಹೋದವು. ಕಾರ್ಡ್ ತಯಾರಿಸಿದ ಇವಿಜಿಎ ಕಂಪನಿ ಆಮೇಲೆ ಬೆಸುಗೆಯಲ್ಲಿ ದೋಷ ಇತ್ತು ಎಂದು ಒಪ್ಪಿಕೊಂಡಿತು, ಅದೂ ಸತ್ಯ. ಆದರೆ ಆಟದವರು ಮೊದಲು ಮಾಡಿದ ಕೆಲಸ ಏನು? ಮೆನುವಿಗೆ ಕ್ಯಾಪ್ ಹಾಕಿ ಅಪ್‌ಡೇಟ್ ಬಿಟ್ಟರು. ಅಷ್ಟು ದೊಡ್ಡ ಕಂಪನಿ ಕ್ಯಾಪ್ ಹಾಕಿತು. ಸೋಮವಾರಪೇಟೆಯ ನಮ್ಮ ಹುಡುಗನಿಗೆ ಕ್ಯಾಪ್ ಅಂದರೆ ಅವಮಾನ.

ಈಗ ಪ್ರೋಗಳ ಸಂಗತಿ. "ಪ್ರೋ ಪ್ಲೇಯರ್ಸ್ ಕ್ಯಾಪ್ ಹಾಕಲ್ಲ, ಇನ್‌ಪುಟ್ ಲ್ಯಾಗ್ ಕಡಿಮೆ ಆಗುತ್ತೆ." ಇದರಲ್ಲಿ ಒಂದು ಚಿಟಿಕೆ ಸತ್ಯ ಇದೆ. ಮಾನಿಟರ್‌ಗಿಂತ ಜಾಸ್ತಿ ಫ್ರೇಮ್ ಬಂದರೆ ನಿನ್ನ ಕ್ಲಿಕ್ ಸ್ವಲ್ಪ ಬೇಗ ತೆರೆಗೆ ಬರುತ್ತದೆ. ಎಷ್ಟು ಸ್ವಲ್ಪ? 200 ಎಫ್‌ಪಿಎಸ್‌ನಲ್ಲಿ ಒಂದು ಫ್ರೇಮಿಗೆ 5 ಮಿಲಿಸೆಕೆಂಡ್. 300ರಲ್ಲಿ 3.3. ವ್ಯತ್ಯಾಸ ಎರಡು ಮಿಲಿಸೆಕೆಂಡ್ ಕೂಡ ಇಲ್ಲ. ಇನ್ನು ನಿನ್ನ ಪಿಂಗ್, ಅಂದರೆ ಆಟದ ಸರ್ವರ್‌ಗೆ ಡೇಟಾ ಹೋಗಿ ಬರುವ ಸಮಯ? ಸುಂಟಿಕೊಪ್ಪದ ಹತ್ತಿರ ಸಿಲ್ವರ್ ಓಕ್ ಕೊಂಬೆಗೆ ಫೈಬರ್ ಕೇಬಲ್ ಕಟ್ಟಿ ಎಳೆದಿದ್ದಾರೆ. ಗಾಳಿ ಬೀಸಿದರೆ ಅದು ಕೇಬಲ್ಲಾ ಉಯ್ಯಾಲೆಯಾ ಗೊತ್ತಾಗುವುದಿಲ್ಲ. ಪಿಂಗ್ 40ರಿಂದ 140 ಮಿಲಿಸೆಕೆಂಡ್‌ಗೆ ಹಾರುತ್ತದೆ. ಇವನಿಗೆ ಎರಡು ಮಿಲಿಸೆಕೆಂಡ್ ಚಿಂತೆ!

ಅದೂ ಅಲ್ಲದೆ, ಕಾರ್ಡ್ ನೂರಕ್ಕೆ ನೂರು ದುಡಿಯುವಾಗ ಇನ್‌ಪುಟ್ ಲ್ಯಾಗ್ ಇಳಿಯುವ ಬದಲು ಏರುತ್ತದೆ. ಪ್ರೊಸೆಸರ್ ಮುಂದಿನ ಫ್ರೇಮ್‌ಗಳನ್ನು ರೆಡಿ ಮಾಡಿ ಕ್ಯೂ ನಿಲ್ಲಿಸುತ್ತದೆ, ಕಾರ್ಡ್‌ಗೆ ಪುರುಸೊತ್ತಿಲ್ಲ. ನೀನು ಮೌಸ್ ಒತ್ತಿದ್ದು ಆ ಕ್ಯೂ ಕರಗಿದ ಮೇಲೆ ಕಾಣುತ್ತದೆ. ಗ್ರಾಫಿಕ್ಸ್ ಚಿಪ್ ಮಾಡುವ ಎನ್‌ವಿಡಿಯಾದವರು 2020ರಲ್ಲಿ ರಿಫ್ಲೆಕ್ಸ್ ಅನ್ನೋ ಸೌಲಭ್ಯ ತಂದದ್ದೇ ಈ ಕ್ಯೂ ಕರಗಿಸಲು. ಕಾರ್ಡ್‌ಗೆ ಸ್ವಲ್ಪ ಉಸಿರಾಡಲು ಬಿಡುವ ಹಾಗೆ ಕ್ಯಾಪ್ ಹಾಕಿದರೆ ಕ್ಯೂ ಕಟ್ಟುವುದೇ ಇಲ್ಲ. ಇದನ್ನು ಕೇಳಿಸಿಕೊಂಡಿರಾ? ಇನ್ನೊಂದು ಸಲ ಹೇಳುತ್ತೇನೆ. ಕ್ಯಾಪ್ ಹಾಕಿದರೆ ಲ್ಯಾಗ್ ಕಡಿಮೆ ಆಗುವುದೂ ಇದೆ.

ಹೇಗೆ ಹಾಕುವುದು ಅಂತ ಬೇಗ ಹೇಳಿಬಿಡುತ್ತೇನೆ. ಮೊದಲು ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇಗೆ ಹೋಗಿ ಮಾನಿಟರ್ ಎಷ್ಟು ಹರ್ಟ್ಸ್‌ನಲ್ಲಿ ಓಡುತ್ತಿದೆ ನೋಡಿ. 144ರದ್ದು ಕೊಂಡು 60ರಲ್ಲೇ ಆಡುತ್ತಿರುವ ಪುಣ್ಯಾತ್ಮರು ಬಹಳ ಇದ್ದಾರೆ. ಆಮೇಲೆ ಆಟದ ಒಳಗೇ ಲಿಮಿಟ್ ಇದ್ದರೆ ಅದನ್ನೇ ಬಳಸಿ, ಅದು ಎಲ್ಲಕ್ಕಿಂತ ಒಳ್ಳೆಯದು. ವ್ಯಾಲೊರಂಟ್‌ನಲ್ಲಿ ಮೆನುವಿಗೆ ಬೇರೆ, ಬ್ಯಾಕ್‌ಗ್ರೌಂಡ್‌ಗೆ ಬೇರೆ, ಬ್ಯಾಟರಿಗೆ ಬೇರೆ ಲಿಮಿಟ್ ಕೊಟ್ಟಿದ್ದಾರೆ. ಆಟದಲ್ಲಿ ಇಲ್ಲದಿದ್ದರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮ್ಯಾಕ್ಸ್ ಫ್ರೇಮ್ ರೇಟ್ ಇದೆ, 2020ರ ಜನವರಿಯಿಂದ ಇದೆ. ಎಎಮ್‌ಡಿ ಕಾರ್ಡ್ ಇರುವವರಿಗೆ ರೇಡಿಯಾನ್ ಚಿಲ್. ಎರಡೂ ಬೇಡ ಅಂದರೆ ರಿವಾಟ್ಯೂನರ್ ಅನ್ನೋ ಸಾಫ್ಟ್‌ವೇರ್. 144 ಹರ್ಟ್ಸ್ ಜೊತೆ ಫ್ರೀಸಿಂಕ್ ಅಥವಾ ಜಿ-ಸಿಂಕ್ (ಕಾರ್ಡ್‌ನ ವೇಗಕ್ಕೆ ಮಾನಿಟರ್ ತಾನೇ ಹೊಂದಿಕೊಳ್ಳುವ ಸೌಲಭ್ಯ) ಇದ್ದರೆ ಕ್ಯಾಪ್ 141, ಅಥವಾ ಇನ್ನೂ ಸ್ವಲ್ಪ ಕೆಳಗೆ. 60 ಹರ್ಟ್ಸ್ ಇದ್ದರೆ 60.

ಆಟ 45ಕ್ಕೂ 70ಕ್ಕೂ ಮಧ್ಯೆ ಕುಣಿಯುತ್ತಿದ್ದರೆ? ಮೊದಲು ಶ್ಯಾಡೋ ಇಳಿಸಿ. ಅಲ್ಟ್ರಾದಿಂದ ಮೀಡಿಯಂಗೆ ಬಂದರೆ ಮರದ ನೆರಳು ಸ್ವಲ್ಪ ಮಸುಕಾಗುತ್ತದೆ ಅಷ್ಟೇ. ನಿಜವಾದ ನೆರಳು ಬೇಕಿದ್ದರೆ ಕಿಟಕಿ ತೆಗೆದು ಕಾಫಿ ತೋಟ ನೋಡಿ, ರೇ ಟ್ರೇಸಿಂಗ್ ಸಮೇತ ಸಿಗುತ್ತದೆ. ಕಡಿಮೆ ಅಂದರೆ 60 ಬರುವ ಹಾಗೆ ಮಾಡಿಕೊಂಡು, ಆಮೇಲೆ 60ಕ್ಕೆ ಕ್ಯಾಪ್. ಸರಾಸರಿ 90 ಇದ್ದು ಮಧ್ಯೆ ಮಧ್ಯೆ 40ಕ್ಕೆ ಬೀಳುವ ಆಟಕ್ಕಿಂತ, ಅಲುಗಾಡದ 60 ಕಣ್ಣಿಗೆ ಎಷ್ಟೋ ನುಣುಪು.

"ಅಣ್ಣ, ಹಾಗಾದ್ರೆ ಎಫ್‌ಪಿಎಸ್ ಬೂಸ್ಟ್ ಬ್ಯಾಟ್ ಫೈಲ್?" ಬೇಡ. ಬ್ಯಾಟ್ ಫೈಲ್ ಅಂದರೆ ವಿಂಡೋಸ್‌ಗೆ ಕೊಡುವ ಆಜ್ಞೆಗಳ ಪಟ್ಟಿ. ಯಾರೋ ಗೊತ್ತಿಲ್ಲದವನ ಫೈಲಿಗೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಟ್ಟು, ಆಂಟಿವೈರಸ್ ಆಫ್ ಮಾಡಿ ಓಡಿಸುತ್ತೀಯಾ? ಮನೆಯ ಬೀಗದ ಕೈಯನ್ನು ದಾರಿಹೋಕನಿಗೆ ಕೊಡುತ್ತೀಯಾ? "ರಿಜಿಸ್ಟ್ರಿ?" ಬೇಡ. "ಪವರ್ ಪ್ಲ್ಯಾನ್ ಅಲ್ಟಿಮೇಟ್?" ಮಾರಾಯ, ನೀನು ಕಂಬಳಿಯಿಂದ ಲ್ಯಾಪ್‌ಟಾಪ್ ಎತ್ತಿದ್ದೀಯಾ ಇಲ್ವಾ, ಅದನ್ನು ಮೊದಲು ಹೇಳು.

ಕ್ಯಾಪ್ ಹಾಕು. ಎಫ್‌ಪಿಎಸ್ ತೋರಿಸುವ ಕೌಂಟರ್‌ನಲ್ಲಿ 300 ಅಂತ ಕಾಣಬೇಕಿದ್ದರೆ ಮಾನಿಟರ್ ಮೂಲೆಗೆ ಚೀಟಿ ಅಂಟಿಸಿ 300 ಅಂತ ಬರಿ. ಬಿಸಿಯೂ ಆಗುವುದಿಲ್ಲ. ಫ್ರೆಂಡ್ಸ್‌ಗೆ ತೋರಿಸಬಹುದು. 900 ಅಂತಲೂ ಬರಿ, ಯಾರು ಕೇಳುತ್ತಾರೆ!

ಕನ್ಸೋಲ್ ಆಡುವವರು 30ರಲ್ಲೋ 60ರಲ್ಲೋ ಆಡಿ ಖುಷಿಯಾಗಿದ್ದಾರೆ. ಯಾರಾದರೂ ಅಳುತ್ತಿದ್ದಾರಾ? ಅವರಿಗೆ ಕೌಂಟರ್ ಕಾಣುವುದಿಲ್ಲ, ಅದಕ್ಕೇ ನೆಮ್ಮದಿ. ಕ್ಯಾಪ್ ಹಾಕು ಅಂದರೆ ಹಾಕು. ಯಾಕೆ, ಹೇಗೆ ಎಲ್ಲ ಆಯಿತು. ಇನ್ನೂ ಸಂಶಯ ಇದ್ದರೆ ನನಗೆ ಹೇಳಲು ಏನೂ ಉಳಿದಿಲ್ಲ, ಬರೀ ಕಿರುಚಬಹುದು. ಕ್ಯಾಪ್!

ಟೀ ಶರ್ಟ್ ಬರುತ್ತಿದೆ, ಎದೆ ಮೇಲೆ "ಕ್ಯಾಪ್ ಹಾಕು" ಅಂತ. ಲಿಂಕ್ ಕೆಳಗೆ ಹಾಕುತ್ತೇನೆ. ನಿಜವಾದ ಕ್ಯಾಪ್ ಕೂಡ ಮಾಡಿಸೋಣ ಅಂದುಕೊಂಡಿದ್ದೇನೆ, ಮಳೆಗಾಲಕ್ಕೆ ಉಪಯೋಗ ಆಗುತ್ತದೆ. ಭಾನುವಾರ ಲೈವ್ ಇದೆ, ಕರೆಂಟ್ ಇದ್ದರೆ. ಪ್ರಶ್ನೆ ಕೇಳುವವರು ಮೊದಲು ಕ್ಯಾಪ್ ಹಾಕಿದ ಸ್ಕ್ರೀನ್‌ಶಾಟ್ ಕಳಿಸಿ. ಇಲ್ಲದಿದ್ದರೆ ನಿಮ್ಮ ಪ್ರಶ್ನೆ ಓದುವುದಿಲ್ಲ. ಮೆಂಬರ್ ಆದವರದ್ದೂ ಓದುವುದಿಲ್ಲ.

ಸರಿ, ಮೆಂಬರ್ ಆದವರದ್ದು ಓದುತ್ತೇನೆ.