ವಿದಾಯದ ಕಛೇರಿ ಮತ್ತು ಪಕ್ಕದಲ್ಲಿ ಕುಳಿತವರು

ಕೇಳುಗ ಬಂಧುಗಳಿಗೆ ನಮಸ್ಕಾರ.

ಹಿರಿಯ ಕಲಾವಿದರು ವೇದಿಕೆಯಿಂದ ನಿವೃತ್ತರಾಗುವಾಗ ನಡೆಯುವ ವಿದಾಯ ಕಛೇರಿಯ ಬಗ್ಗೆ ಮಾತನಾಡಬೇಕೆಂದು ನಿಲಯದವರು ಕೇಳಿದಾಗ ನಾನು ಅಮೆರಿಕದ ಕಂಟ್ರಿ ಸಂಗೀತದಿಂದ ಒಂದು ಉದಾಹರಣೆಯನ್ನು ಆರಿಸಿಕೊಂಡೆ. ಜೀವನವಿಡೀ ಪಿಟೀಲು ಪಕ್ಕವಾದ್ಯ ನುಡಿಸಿಕೊಂಡು ಬಂದವನಿಗೆ ಅಮೆರಿಕದ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನಾನು ಹೇಳಬೇಕೆಂದಿರುವುದು ಒಂದೇ ಮಾತು, ಆ ಮಾತಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಬೇರೆ ಕಂಡಿಲ್ಲ. ಆ ಮಾತು ಇಷ್ಟೇ: ವಿದಾಯದ ಕಛೇರಿಯನ್ನು ಹಿಡಿದು ನಿಲ್ಲಿಸುವವರು ಪಕ್ಕವಾದ್ಯದವರು. ಸಂಗೀತ ಸಭೆಗಳ ಕಾರ್ಯದರ್ಶಿಗಳು, ಊರಿನ ಹಬ್ಬಗಳಲ್ಲಿ ಕಾರ್ಯಕ್ರಮ ಏರ್ಪಡಿಸುವವರು, ಮನೆಯಲ್ಲಿ ವಯಸ್ಸಾದ ಹಾಡುಗಾರರಿರುವ ಕುಟುಂಬದವರು ಈಗ ಕೇಳುತ್ತಿದ್ದೀರಿ ಎಂದುಕೊಂಡು ನಿಮ್ಮನ್ನೇ ಉದ್ದೇಶಿಸಿ ಮಾತನಾಡುತ್ತೇನೆ.

ಮೊದಲು ಕಂಟ್ರಿ ಸಂಗೀತವೆಂದರೆ ಏನು ಎಂಬುದನ್ನು ಎರಡು ವಾಕ್ಯಗಳಲ್ಲಿ ಹೇಳಿಬಿಡುತ್ತೇನೆ. ಅಮೆರಿಕದ ದಕ್ಷಿಣ ಭಾಗದ ಹಳ್ಳಿಗಾಡಿನಲ್ಲಿ, ಬ್ರಿಟನ್ನಿನಿಂದ ಬಂದು ನೆಲೆಸಿದವರ ಕಥನಗೀತೆಗಳು, ಆಫ್ರಿಕಾ ಮೂಲದವರ ಬ್ಯಾಂಜೊ ವಾದ್ಯ ಮತ್ತು ಬ್ಲೂಸ್ ಧಾಟಿ, ಚರ್ಚುಗಳ ಸ್ತುತಿಗೀತೆಗಳು ಒಂದರೊಳಗೊಂದು ಬೆರೆತು ಹುಟ್ಟಿದ ಹಾಡುಗಾರಿಕೆ ಅದು. ಅದನ್ನು ಹಳ್ಳಿಯ ಜಗಲಿಯಿಂದ ದೇಶಕ್ಕೆಲ್ಲ ಒಯ್ದದ್ದು, ನಮಗೆ ಹೆಮ್ಮೆಯೆನಿಸಬೇಕಾದ ಸಂಗತಿ, ಬಾನುಲಿಯೇ. ನ್ಯಾಶ್‌ವಿಲ್ ನಗರದ ಡಬ್ಲ್ಯು.ಎಸ್.ಎಂ. ನಿಲಯದಲ್ಲಿ 1925ರ ನವೆಂಬರ್ 28ರಂದು ಆರಂಭವಾದ ಶನಿವಾರ ರಾತ್ರಿಯ ಕಾರ್ಯಕ್ರಮವೇ ಮುಂದೆ ‘ಗ್ರ್ಯಾಂಡ್ ಓಲ್ ಓಪ್ರಿ’ ಎಂದು ಹೆಸರಾಯಿತು. ಆ ಮೊದಲ ರಾತ್ರಿ ಮೈಕಿನ ಮುಂದೆ ಕುಳಿತವರು ಅಂಕಲ್ ಜಿಮ್ಮಿ ಥಾಂಪ್ಸನ್ ಎಂಬ 77 ವರ್ಷದ ಪಿಟೀಲುಗಾರರು. ಅವರ ಪಕ್ಕದಲ್ಲಿ ಪಿಯಾನೊ ನುಡಿಸಿದವರು ಅವರದೇ ಕುಟುಂಬದ ಹೆಣ್ಣುಮಗಳು ಇವಾ ಥಾಂಪ್ಸನ್ ಜೋನ್ಸ್. ಆ ಪರಂಪರೆಯ ಬಾಗಿಲು ತೆರೆದದ್ದೇ ಒಬ್ಬ ವೃದ್ಧ ಕಲಾವಿದ ಮತ್ತು ಅವರ ಕೈಯನ್ನು ಬಲ್ಲ ಪಕ್ಕವಾದ್ಯದವರಿಂದ ಎಂಬುದನ್ನು ದಯವಿಟ್ಟು ಗಮನಿಸಿ.

ಇನ್ನು ನಾನು ಹೇಳಬೇಕೆಂದಿರುವ ಮುಖ್ಯ ಕಥೆಗೆ ಬರುತ್ತೇನೆ. ಕಂಟ್ರಿ ಗಾಯಕ, ಗಿಟಾರ್ ವಾದಕ ಗ್ಲೆನ್ ಕ್ಯಾಂಪ್‌ಬೆಲ್ 1936ರ ಏಪ್ರಿಲ್ 22ರಂದು ಅರ್ಕನ್ಸಾ ರಾಜ್ಯದ ಡಿಲೈಟ್ ಎಂಬ ಸಣ್ಣ ಊರಿನ ಬಳಿ, ಗೇಣಿಗೆ ಹೊಲ ಮಾಡುತ್ತಿದ್ದ ಬಡ ಕುಟುಂಬದಲ್ಲಿ, ಹನ್ನೆರಡು ಮಕ್ಕಳಲ್ಲಿ ಒಬ್ಬರಾಗಿ ಹುಟ್ಟಿದರು. ನಾಲ್ಕನೆಯ ವಯಸ್ಸಿಗೇ ಕೈಗೆ ಗಿಟಾರ್ ಬಂತು. ಸ್ವರಲಿಪಿ ಓದುವುದನ್ನು ಅವರು ಕಲಿಯಲೇ ಇಲ್ಲ. ಆದರೂ 1960ರ ದಶಕದ ಆರಂಭದಲ್ಲಿ ಲಾಸ್ ಏಂಜಲೀಸ್‌ಗೆ ಹೋಗಿ, ‘ರೆಕಿಂಗ್ ಕ್ರೂ’ ಎಂದು ಮುಂದೆ ಪ್ರಸಿದ್ಧವಾದ ಸ್ಟುಡಿಯೋ ವಾದ್ಯಗಾರರ ಬಳಗವನ್ನು ಸೇರಿ, ಫ್ರ್ಯಾಂಕ್ ಸಿನಾತ್ರಾ, ಎಲ್ವಿಸ್ ಪ್ರೆಸ್ಲಿ, ಬೀಚ್ ಬಾಯ್ಸ್ ಮೊದಲಾದವರ ಧ್ವನಿಮುದ್ರಿಕೆಗಳಿಗೆ ಗಿಟಾರ್ ನುಡಿಸಿದರು. ಅಂದರೆ, ತಟ್ಟೆಯ ಮೇಲೆ ತಮ್ಮ ಹೆಸರೂ ಅಚ್ಚಾಗದಂತೆ ಇನ್ನೊಬ್ಬರ ಹಾಡಿಗೆ ಆಸರೆಯಾಗಿ ನಿಂತ ಪಕ್ಕವಾದ್ಯದವರೇ ಅವರು. 1967ರಿಂದ ಮುಂದೆ ಸ್ವಂತ ಹಾಡುಗಳಿಂದ ಹೆಸರಾದರು, 1969ರಿಂದ 1972ರವರೆಗೆ ದೂರದರ್ಶನದಲ್ಲಿ ತಮ್ಮದೇ ಹೆಸರಿನ ಕಾರ್ಯಕ್ರಮ ನಡೆಸಿಕೊಟ್ಟರು, 1975ರಲ್ಲಿ ಮತ್ತೊಮ್ಮೆ ಜನಪ್ರಿಯತೆಯ ತುದಿಗೇರಿದರು. ನಡುವೆ ಕುಡಿತದ ಕಾಟವೂ ಇತ್ತು, ಅದು ಇಂದಿನ ವಿಷಯವಲ್ಲ.

2011ರ ಜೂನ್ ತಿಂಗಳಲ್ಲಿ, ತಮಗೆ ಅಲ್‌ಝೈಮರ್ ಕಾಯಿಲೆ ಇದೆಯೆಂದು ಕ್ಯಾಂಪ್‌ಬೆಲ್ ಮತ್ತು ಅವರ ಪತ್ನಿ ಕಿಮ್ ಬಹಿರಂಗವಾಗಿ ಹೇಳಿಕೊಂಡರು. ಮರೆವಿನ ಕಾಯಿಲೆಯನ್ನು ಮುಚ್ಚಿಟ್ಟುಕೊಂಡು ವೇದಿಕೆ ಹತ್ತಿದರೆ, ಹಾಡು ತಪ್ಪಿದಾಗ ಜನ ಬೇರೇನನ್ನೋ ಊಹಿಸಿಕೊಳ್ಳುತ್ತಾರೆ ಎಂಬ ಆತಂಕ ಕುಟುಂಬಕ್ಕೆ ಇತ್ತು. ಹೇಳಿದ ಮೇಲೆ ಮನೆಯಲ್ಲಿ ಕುಳಿತುಬಿಡಬಹುದಾಗಿತ್ತು, ನಮ್ಮಲ್ಲಿ ಸಾಮಾನ್ಯವಾಗಿ ಹಾಗೆಯೇ ಆಗುತ್ತದೆ. ಅವರು ಹಾಗೆ ಮಾಡದೆ ವಿದಾಯದ ಪ್ರವಾಸ ಕೈಗೊಂಡರು. ಕೆಲವು ವಾರಗಳಿಗೆಂದು ಯೋಜಿಸಿದ್ದ ಆ ಪ್ರವಾಸ ಬೆಳೆದು ಬೆಳೆದು 151 ಕಛೇರಿಗಳವರೆಗೆ ಹೋಗಿ, 2012ರ ನವೆಂಬರ್ 30ರಂದು ಕ್ಯಾಲಿಫೋರ್ನಿಯದ ನಾಪಾ ಊರಿನಲ್ಲಿ ಮುಗಿಯಿತು.

ಸ್ಮೃತಿ ಕಳೆದುಕೊಳ್ಳುತ್ತಿರುವ ಒಬ್ಬ ಮನುಷ್ಯ 151 ಕಛೇರಿಗಳನ್ನು ಹೇಗೆ ಮಾಡಿದರು? ಈ ಪ್ರಶ್ನೆಗೆ ವೈದ್ಯರು ಉದ್ದದ ಉತ್ತರ ಕೊಡುತ್ತಾರೆ, ನಾನು ಗಿಡ್ಡದ ಉತ್ತರ ಕೊಡುತ್ತೇನೆ. ಈ ಕಾಯಿಲೆ ಮೊದಲು ಕೈಹಾಕುವುದು ಹೊಸ ನೆನಪುಗಳನ್ನು ಕೂಡಿಡುವ ಮಿದುಳಿನ ಭಾಗಕ್ಕೆ. ಬೆರಳುಗಳು ಅರವತ್ತು ವರ್ಷ ಅಭ್ಯಾಸ ಮಾಡಿದ ವಿದ್ಯೆ ಇರುವುದು ಬೇರೆ ಕಡೆ, ಅದು ಬಹಳ ಕಾಲ ಉಳಿಯುತ್ತದೆ. ಹೆಸರು ಮರೆಯುತ್ತದೆ, ಬೆರಳು ಮರೆಯುವುದಿಲ್ಲ. ಈ ಪ್ರವಾಸವನ್ನು ಕುರಿತ ಸಾಕ್ಷ್ಯಚಿತ್ರವೊಂದು 2014ರಲ್ಲಿ ಬಂತು. ಅದರಲ್ಲಿ, ವೈದ್ಯರು ನೆನಪಿಟ್ಟುಕೊಳ್ಳಲು ಹೇಳಿದ ಕೆಲವೇ ಪದಗಳನ್ನು ಸ್ವಲ್ಪ ಹೊತ್ತಿನಲ್ಲೇ ಮರೆತು, ನಗೆಚಾಟಿಕೆಯಿಂದ ಮಾತು ತೇಲಿಸುವ ಕ್ಯಾಂಪ್‌ಬೆಲ್ ಅವರನ್ನು ಕಾಣುತ್ತೇವೆ. ಅದೇ ಮನುಷ್ಯ ವೇದಿಕೆಯ ಮೇಲೆ ಗಿಟಾರಿನಲ್ಲಿ ಬಿರುಸಿನ ಸ್ವರಗುಚ್ಛಗಳನ್ನು ಸ್ಪಷ್ಟವಾಗಿ ಹೊಮ್ಮಿಸುತ್ತಾರೆ.

ಆದರೆ ಬೆರಳು ಮರೆಯುವುದಿಲ್ಲ ಎಂಬುದು ಅರ್ಧ ಉತ್ತರ ಮಾತ್ರ. ಉಳಿದರ್ಧ ಉತ್ತರ ಅವರ ಪಕ್ಕದಲ್ಲಿ ನಿಂತಿತ್ತು. ಡ್ರಮ್ಸ್ ನುಡಿಸುತ್ತಿದ್ದವನು ಮಗ ಕ್ಯಾಲ್. ಇನ್ನೊಂದು ಗಿಟಾರ್ ಹಿಡಿದವನು ಇನ್ನೊಬ್ಬ ಮಗ ಶ್ಯಾನನ್. ಬ್ಯಾಂಜೊ ಮತ್ತು ಕೀಬೋರ್ಡ್ ನುಡಿಸುತ್ತಿದ್ದವಳು ಮಗಳು ಆಶ್ಲಿ. ಇಡೀ ತಂಡವನ್ನು ನಡೆಸುತ್ತಿದ್ದವರು ಹಲವು ದಶಕಗಳಿಂದ ಅವರ ಜೊತೆಗಿದ್ದ ಟಿ.ಜೆ. ಕ್ವೆನ್‌ಸ್ಟರ್. ಸಾಹಿತ್ಯ ಮರೆತರೆ ಓದಿಕೊಳ್ಳಲೆಂದು ಹಾಡಿನ ಸಾಲುಗಳು ಮುಂದಿನ ಪರದೆಯ ಮೇಲೆ ಸಾಗುತ್ತಿದ್ದವು. ಆದರೆ ಪರದೆಗೆ ಸಾಲು ತೋರಿಸಲು ಬರುತ್ತದೆಯೇ ಹೊರತು, ಹಾಡುವವರು ಸಾಲನ್ನೇ ಬಿಟ್ಟು ಬೇರೆ ದಾರಿ ಹಿಡಿದರೆ ಹಿಂದೆ ಹೋಗಲು ಬರುವುದಿಲ್ಲ. ಈಗತಾನೇ ಮುಗಿಸಿದ ಹಾಡನ್ನೇ ಮತ್ತೆ ಎತ್ತಿಕೊಂಡರೆ, ಒಂದು ಶ್ರುತಿಯಲ್ಲಿ ಆರಂಭಿಸಬೇಕಾದದ್ದನ್ನು ಇನ್ನೊಂದರಲ್ಲಿ ಆರಂಭಿಸಿದರೆ ಆ ಕ್ಷಣದಲ್ಲಿ ಏನು ಮಾಡಬೇಕೆಂಬುದು ಪಕ್ಕದಲ್ಲಿ ಇರುವ ಮನುಷ್ಯರಿಗೆ ಮಾತ್ರ ಗೊತ್ತಿರುತ್ತದೆ. ಮಗಳ ಕಡೆ ಒಮ್ಮೆ ನೋಡಿದರೆ ಸಾಕು, ಆಕೆಗೆ ಅಪ್ಪ ಕೇಳುತ್ತಿರುವುದೇನೆಂದು ತಿಳಿಯುತ್ತಿತ್ತು. ನನ್ನ ವೃತ್ತಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಡುವವರ ತಲೆ ಎಡಕ್ಕೆ ವಾಲಿದರೆ ಉಸಿರು ಸಾಲದೆಂದು ಅರ್ಥ, ತೊಡೆ ತಟ್ಟುವ ಕೈ ನಿಧಾನವಾದರೆ ಮುಂದಿನ ಸಾಲು ನೆನಪಾಗುತ್ತಿಲ್ಲವೆಂದು ಅರ್ಥ. ಆಗ ಬಿಲ್ಲನ್ನು ಎಳೆದು ಒಂದು ಆವರ್ತನದ, ಅಂದರೆ ತಾಳದ ಒಂದು ಸುತ್ತಿನ, ಮಟ್ಟಿಗೆ ರಾಗವನ್ನು ಹಿಡಿದು ನಿಲ್ಲಿಸುವುದು ನಮ್ಮ ಕೆಲಸ. ಸಭೆಯಲ್ಲಿ ಕುಳಿತವರು ಅದನ್ನು ಮನೋಧರ್ಮವೆಂದು, ಆ ಕ್ಷಣದಲ್ಲಿ ಹೊಳೆದ ಕಲ್ಪನೆಯೆಂದು, ತಿಳಿದು ತಲೆದೂಗುತ್ತಾರೆ.

ಆ ಪ್ರವಾಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಪ್ಪನ ಗಿಟಾರ್ ಮತ್ತು ಮಗಳ ಬ್ಯಾಂಜೊ ಎದುರುಬದುರು ನಿಂತು ನುಡಿಸುತ್ತಿದ್ದ ಜುಗಲ್‌ಬಂದಿ. ಮೊದಲು ಒಬ್ಬರು ನಾಲ್ಕಾರು ಸ್ವರಗಳ ಸಣ್ಣ ತುಣುಕನ್ನು ನಿಧಾನವಾಗಿ ನುಡಿಸುತ್ತಾರೆ, ಇನ್ನೊಬ್ಬರು ಅದನ್ನೇ ತಿರುಗಿ ಹೇಳುತ್ತಾರೆ. ತುಣುಕು ಉದ್ದವಾಗುತ್ತದೆ, ಕಾಲ ಏರುತ್ತದೆ, ಕೊನೆಗೆ ಇಬ್ಬರೂ ಒಟ್ಟಿಗೆ ಓಡುತ್ತಾರೆ. ನಮ್ಮಲ್ಲಿ ತನಿ ಆವರ್ತನದಲ್ಲಿ, ಅಂದರೆ ತಾಳವಾದ್ಯಗಳಷ್ಟೇ ನುಡಿಯುವ ಭಾಗದಲ್ಲಿ, ಮೃದಂಗ ಮತ್ತು ಖಂಜಿರದವರು ಮಾಡುವುದೂ ಇದನ್ನೇ. ಮರೆವಿನವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ. ಏಕೆಂದರೆ ಅಲ್ಲಿ ಹತ್ತು ನಿಮಿಷದ ಹಿಂದಿನದು ನೆನಪಿರಬೇಕಾಗಿಲ್ಲ, ಎದುರಿಗಿರುವವರು ಈಗಷ್ಟೇ ನುಡಿಸಿದ್ದು ಕಿವಿಯಲ್ಲಿದ್ದರೆ ಸಾಕು. ಯಾರೋ ಬಹಳ ಯೋಚಿಸಿ ಕಾರ್ಯಕ್ರಮದಲ್ಲಿ ಅದನ್ನು ಸೇರಿಸಿರಬೇಕೆಂದು ನನಗೆ ಅನ್ನಿಸುತ್ತದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಅದರಲ್ಲಿ ಅನುಕಂಪ ಎಷ್ಟು, ಮೆಚ್ಚುಗೆ ಎಷ್ಟು ಎಂದು ಕೇಳುವವರು ಆ ವಾದನವನ್ನು ಒಮ್ಮೆ ಕಣ್ಣು ಮುಚ್ಚಿ ಕೇಳಬೇಕು.

ಪ್ರವಾಸದ ಕೊನೆಯ ಹೊತ್ತಿಗೆ ತೊಡಕುಗಳು ಹೆಚ್ಚಿದವು. ಕುಟುಂಬದವರು ಅಲ್ಲಿಗೆ ನಿಲ್ಲಿಸಿದರು. 2013ರ ಜನವರಿಯಲ್ಲಿ, ಹಿಂದೊಮ್ಮೆ ಸ್ಟುಡಿಯೋದಲ್ಲಿ ತಮ್ಮ ಜೊತೆ ನುಡಿಸುತ್ತಿದ್ದ ಹಳೆಯ ಒಡನಾಡಿಗಳಲ್ಲಿ ಕೆಲವರನ್ನು ಕೂಡಿಸಿಕೊಂಡು ಅವರು ಕೊನೆಯ ಹಾಡೊಂದನ್ನು ಧ್ವನಿಮುದ್ರಿಸಿದರು. ಅದಕ್ಕೆ 2015ರಲ್ಲಿ ಶ್ರೇಷ್ಠ ಕಂಟ್ರಿ ಹಾಡೆಂದು ಗ್ರ್ಯಾಮಿ ಪ್ರಶಸ್ತಿ ಬಂತು. 2017ರ ಆಗಸ್ಟ್ 8ರಂದು ನ್ಯಾಶ್‌ವಿಲ್‌ನಲ್ಲಿ ತೀರಿಕೊಂಡಾಗ ಅವರಿಗೆ 81 ವರ್ಷ. ಇಷ್ಟು ವಿವರವಾಗಿ ಏಕೆ ಹೇಳಿದೆನೆಂದರೆ, ಆ 151 ರಾತ್ರಿಗಳಲ್ಲಿ ಒಂದೂ ಸನ್ಮಾನ ಸಮಾರಂಭವಾಗಿರಲಿಲ್ಲ. ಎಲ್ಲವೂ ಕಛೇರಿಗಳೇ ಆಗಿದ್ದವು.

ನಮ್ಮಲ್ಲಿ ಏನಾಗುತ್ತದೆ ಎಂಬುದನ್ನು ನಾನು ಬೇಸರವಿಲ್ಲದೆ ಹೇಳಲಾರೆ. ವಿದಾಯದ ಸಂಜೆಯೆಂದು ಕರೆಯುತ್ತಾರೆ, ಐದು ಗಂಟೆಗೆ ಎಂದು ಮುದ್ರಿಸುತ್ತಾರೆ. ದೀಪ ಬೆಳಗಿಸುವವರು ಬರುವುದು ಆರೂಕಾಲಕ್ಕೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಅಭಿನಂದನಾ ನುಡಿ, ಮುಖ್ಯ ಅತಿಥಿಗಳ ಭಾಷಣ, ಆಮೇಲೆ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಎರಡು ಗಂಟೆ ಭಾರದ ಹಾರ ಹೊತ್ತು ಕುಳಿತ ಹಿರಿಯರಿಗೆ ರಾತ್ರಿ ಎಂಟೂವರೆಗೆ, ‘ಈಗ ತಾವು ಒಂದೆರಡು ಹಾಡು ಹೇಳಬೇಕು’ ಎಂದು ನಿರೂಪಕರು ವಿನಂತಿಸುತ್ತಾರೆ. ಪಕ್ಕದಲ್ಲಿ ಯಾರು? ಸಂಘಟಕರಿಗೆ ಅಂದು ಬೆಳಿಗ್ಗೆ ಫೋನಿನಲ್ಲಿ ಸಿಕ್ಕ ಯಾರೋ ತರುಣ ತಬಲಾ ವಾದಕ, ಇನ್ಯಾರದೋ ಹಾರ್ಮೋನಿಯಂ. ಅವರ ವಿದ್ಯೆಯನ್ನು ನಾನು ಹಳಿಯುತ್ತಿಲ್ಲ. ಅವರಿಗೆ ಆ ಹಿರಿಯರ ಉಸಿರು ಗೊತ್ತಿಲ್ಲ, ಅಷ್ಟೇ. ಮೂವತ್ತು ವರ್ಷ ಜೊತೆಯಲ್ಲಿ ನುಡಿಸಿದವರು ಪ್ರೇಕ್ಷಕರ ಐದನೆಯ ಸಾಲಿನಲ್ಲಿ ಕೈಕಟ್ಟಿ ಕುಳಿತಿರುತ್ತಾರೆ, ಅವರನ್ನು ಕರೆಯಬೇಕೆಂದು ಯಾರಿಗೂ ಹೊಳೆದಿರುವುದಿಲ್ಲ. ಹಾಡು ಎಡವಿದಾಗ ಸಭೆ ‘ಪಾಪ, ವಯಸ್ಸಾಯಿತು’ ಎನ್ನುತ್ತದೆ. ವಯಸ್ಸಿನದಲ್ಲ ಸ್ವಾಮಿ, ಆ ತಪ್ಪು ಏರ್ಪಾಡಿನದು.

ನನ್ನ ಪಟ್ಟಿಯಲ್ಲಿ ಇನ್ನೂ ಕೆಲವರಿದ್ದರು, ಸಮಯ ಕಡಿಮೆಯಿರುವುದರಿಂದ ಚಿಕ್ಕದಾಗಿ ಹೇಳುತ್ತೇನೆ. ಕಂಟ್ರಿ ಗಾಯಕ ಜಾರ್ಜ್ ಸ್ಟ್ರೇಟ್ ಅವರು ತಮ್ಮ ಸಂಚಾರ ಜೀವನಕ್ಕೆ ವಿದಾಯ ಹೇಳಿದ ಕಛೇರಿ 2014ರ ಜೂನ್ 7ರಂದು ಟೆಕ್ಸಾಸಿನ ಆರ್ಲಿಂಗ್ಟನ್‌ನಲ್ಲಿ ನಡೆಯಿತು. ಬಂದವರು 1,04,793 ಮಂದಿ. ಅತಿಥಿ ಗಾಯಕರ ದಂಡೇ ಇತ್ತು, ಆದರೆ ಹಿಂದೆ ನುಡಿಸಿದ್ದು 1975ರಲ್ಲಿ, ಅವರು ಇನ್ನೂ ಕಾಲೇಜು ವಿದ್ಯಾರ್ಥಿಯಾಗಿದ್ದಾಗ, ಸಣ್ಣ ಊರಿನ ನೃತ್ಯಶಾಲೆಗಳಲ್ಲಿ ಜೊತೆಗೂಡಿದ ‘ಏಸ್ ಇನ್ ದ ಹೋಲ್’ ತಂಡವೇ. ಇನ್ನೊಬ್ಬ ಕಂಟ್ರಿ ಗಾಯಕ ಕೆನ್ನಿ ರಾಜರ್ಸ್ ಅವರ ವಿದಾಯದ ಸಮಾರಂಭ 2017ರ ಅಕ್ಟೋಬರ್ 25ರಂದು ನ್ಯಾಶ್‌ವಿಲ್‌ನಲ್ಲಾಯಿತು. ಅಲ್ಲಿ ಅವರ ಹಾಡುಗಳನ್ನು ಬಹುಪಾಲು ಬೇರೆಯವರೇ ಹಾಡಿದರು. ಅದು ನನಗೆ ಅಷ್ಟಾಗಿ ರುಚಿಸುವ ಪದ್ಧತಿಯಲ್ಲ. ಆದರೆ 1983ರಿಂದ ತಮ್ಮ ಜೊತೆ ಯುಗಳಗೀತೆ ಹಾಡಿದ್ದ ಗಾಯಕಿ ಡಾಲಿ ಪಾರ್ಟನ್ ಪಕ್ಕಕ್ಕೆ ಬಂದು ನಿಂತಾಗ ಅವರೂ ದನಿಗೂಡಿಸಿದರು. ಅದಾದ ಮೂರೇ ದಿನಕ್ಕೆ, ಅಕ್ಟೋಬರ್ 28ರಂದು, ನಮ್ಮ ಮೈಸೂರಿನಲ್ಲಿ ಎಸ್. ಜಾನಕಿಯವರು ವೇದಿಕೆಗೆ ವಿದಾಯ ಹೇಳಿ ಹಾಡಿದ್ದು ಕೇಳುಗರಲ್ಲಿ ಅನೇಕರಿಗೆ ನೆನಪಿರಬಹುದು.

ಆದ್ದರಿಂದ ಸಂಘಟಕರಲ್ಲಿ ನನ್ನ ಬೇಡಿಕೆ ಇಷ್ಟು. ನಿಮ್ಮ ಊರಿನ ಹಿರಿಯ ಭಾಗವತರಿರಲಿ, ತತ್ವಪದ ಹಾಡುವವರಿರಲಿ, ಸುಗಮ ಸಂಗೀತದವರಿರಲಿ, ಅವರಿಗೊಂದು ವಿದಾಯದ ಕಛೇರಿ ಮಾಡುವುದಾದರೆ ಸಭಾಂಗಣ ಗೊತ್ತುಮಾಡುವ ಮೊದಲು, ಅವರಿಗೆ ಬಹುಕಾಲ ಜೊತೆಗೊಟ್ಟವರು ಯಾರೆಂದು ಮನೆಯವರನ್ನು ಕೇಳಿ. ಅವರ ಬಿಡುವಿನ ದಿನ ನೋಡಿ ದಿನಾಂಕ ನಿಗದಿ ಮಾಡಿ. ಒಂದು ವಾರ ಮೊದಲು ಕಲಾವಿದರ ಮನೆಯಲ್ಲೇ ಎರಡು ಸಲ ಕೂಡಿಸಿ ಅಭ್ಯಾಸ ಮಾಡಿಸಿ. ಯಾವ ಶ್ರುತಿ ಈಗ ನಿಲುಕುತ್ತದೆ, ಯಾವ ಚರಣ ಬಿಡಬೇಕು ಎಂಬುದೆಲ್ಲ ಅಲ್ಲಿಯೇ ತೀರ್ಮಾನವಾಗಲಿ. ಕಛೇರಿಯನ್ನು ಮೊದಲು ಇಟ್ಟು, ಶಾಲು ಹಾರಗಳನ್ನು ಕೊನೆಯ ಹತ್ತು ನಿಮಿಷಕ್ಕೆ ತಳ್ಳಿ. ಹಾಗೆಯೇ ಆಹ್ವಾನ ಪತ್ರಿಕೆಯಲ್ಲಿ ಮುಖ್ಯ ಅತಿಥಿಗಳ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಪಕ್ಕವಾದ್ಯದವರ ಹೆಸರನ್ನೂ ಹಾಕಿಸಿ, ಅವರ ಸಂಭಾವನೆಯನ್ನು ಅಂದೇ ಕೈಗೆ ಕೊಟ್ಟುಬಿಡಿ. ನಮಸ್ಕಾರ.