150 ಡಾಲರ್ ಮತ್ತು ಉಳಿದ ಹಣ
(ನ್ಯೂಜೆರ್ಸಿಯ ಕನ್ನಡ ಕೂಟವೊಂದರಲ್ಲಿ ಮಾಡಿದ ಉಪನ್ಯಾಸ)

ಹಿರಿಯರಿಗೆ, ಗೆಳೆಯರಿಗೆ, ಹಿಂದಿನ ಸಾಲಿನಲ್ಲಿ ಕೂತಿರುವ ಮಕ್ಕಳಿಗೆ ನಮಸ್ಕಾರ.

ಮಾರಿಸ್‌ಟೌನ್ ಕಡೆ ನೀವೆಲ್ಲ ಓಡಾಡಿರುತ್ತೀರಿ. ಅಲ್ಲಿನ ಫುಟ್‌ಪಾತಿನಲ್ಲಿ ಹಾರ್ನೆಸ್, ಅಂದರೆ ಹಿಡಿಕೆ ಇರುವ ಮೈಪಟ್ಟಿ ಹಾಕಿದ ಲ್ಯಾಬ್ರಡಾರೋ ಜರ್ಮನ್ ಶೆಫರ್ಡೋ ಒಬ್ಬರನ್ನು ಕರೆದುಕೊಂಡು ಚುರುಕಾಗಿ ಹೋಗುವುದನ್ನು ನೋಡಿರಬಹುದು. ಸ್ವಲ್ಪ ಹಿಂದೆ ತರಬೇತುದಾರರು ಬರುತ್ತಿರುತ್ತಾರೆ. ಅವರು ದಿ ಸೀಯಿಂಗ್ ಐ ಎಂಬ ಶಾಲೆಯವರು. ಅಮೆರಿಕದ ಅತಿ ಹಳೆಯ ಗೈಡ್ ಡಾಗ್ ಶಾಲೆ ಅದು, ಅಂದರೆ ದೃಷ್ಟಿ ಇಲ್ಲದವರಿಗೆ ದಾರಿ ತೋರಿಸುವ ನಾಯಿಗಳನ್ನು ತಯಾರು ಮಾಡುವ ಶಾಲೆ. ನಮ್ಮ ಮನೆಯಲ್ಲಿ ಆ ಶಾಲೆಗಾಗಿ ಮರಿಗಳನ್ನು ಸಾಕುತ್ತೇವೆ. ಹಾಗಾಗಿ ಕೂಟದವರು ಮರಿಗಳ ಬಗ್ಗೆ ಮಾತಾಡಿ ಅಂದರು. ಖಂಡಿತ ಮಾತಾಡುತ್ತೇನೆ. ಆದರೆ ನಾನು ಮುಖ್ಯವಾಗಿ ಹೇಳಬೇಕೆಂದು ಬಂದಿರುವುದು ದುಡ್ಡಿನ ವಿಷಯ.

ಮೊದಲ ಸಲ ನಾಯಿ ಬೇಕೆಂದು ಈ ಶಾಲೆಗೆ ಬರುವ ದೃಷ್ಟಿ ಇಲ್ಲದ ವ್ಯಕ್ತಿ ಕಟ್ಟುವ ಶುಲ್ಕ 150 ಡಾಲರ್. ಆ ನಾಯಿ ನಿವೃತ್ತಿಯಾಗಿ ಇನ್ನೊಂದು ನಾಯಿಗೆ ಬಂದಾಗ 50 ಡಾಲರ್. ಸೈನ್ಯದಲ್ಲಿ ಇದ್ದವರಿಗೆ 1 ಡಾಲರ್. ಇಷ್ಟರಲ್ಲಿ ನಾಯಿ, ಹಾರ್ನೆಸ್, ಮೂರು ವಾರಕ್ಕೂ ಜಾಸ್ತಿ ಕಾಲದ ತರಬೇತಿ, ಊಟ, ವಸತಿ, ಊರಿಂದ ಬಂದು ಹೋಗುವ ಪ್ರಯಾಣ ಎಲ್ಲ ಸೇರಿದೆ. ಕೈಯಲ್ಲಿ ಹಣ ಇಲ್ಲದಿದ್ದರೆ ಕಂತಿನಲ್ಲಿ ಕೊಡಬಹುದು. 1930ರ ದಶಕದಿಂದ ಈ ಶುಲ್ಕ ಏರಿಲ್ಲ. ಇನ್ನು ಖರ್ಚು? ಒಂದು ನಾಯಿಯನ್ನು ಹುಟ್ಟಿನಿಂದ ಕೆಲಸಕ್ಕೆ ಇಳಿಯುವ ತನಕ ತರಲು 50,000 ಡಾಲರಿಗೂ ಜಾಸ್ತಿ ಬೇಕು ಎಂದು ಅಮೆರಿಕದ ಶಾಲೆಗಳು ಹೇಳುತ್ತವೆ. ಉಳಿದ ಹಣ ಸರ್ಕಾರದಿಂದ ಬರುವುದಲ್ಲ. ದಾನಿಗಳದು. ಇಂದು ಕೊಡುವವರು, ಹಿಂದೆ ಕೊಟ್ಟವರು, ಸಾಯುವ ಮುಂಚೆ ವಿಲ್‌ನಲ್ಲಿ ಬರೆದಿಟ್ಟು ಹೋದವರು.

ಅಷ್ಟು ಹಣ ದಾನದಿಂದಲೇ ಬರುವುದಾದರೆ ಈ 150 ಡಾಲರ್ ಯಾಕೆ? ಸುಮ್ನೆ ಉಚಿತ ಅನ್ನಬಹುದಲ್ವಾ? ಇದಕ್ಕೆ ಉತ್ತರ ಸಿಗಬೇಕಾದರೆ ಶಾಲೆ ಹುಟ್ಟಿದ ಕತೆಗೆ ಹೋಗಬೇಕು.

ಮೊದಲನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ 1916ರಲ್ಲಿ ಇಂಥ ಮೊದಲ ಶಾಲೆ ಶುರುವಾಗಿತ್ತು. ಡೊರೊತಿ ಹ್ಯಾರಿಸನ್ ಯೂಸ್ಟಿಸ್ ಎಂಬ ಅಮೆರಿಕದ ಮಹಿಳೆ ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿ ಜರ್ಮನ್ ಶೆಫರ್ಡ್ ತಳಿ ಬೆಳೆಸುತ್ತಿದ್ದರು. ಜರ್ಮನಿಯ ಕೆಲಸ ನೋಡಿ ಬಂದು 1927ರ ನವೆಂಬರಿನಲ್ಲಿ ಅಮೆರಿಕದ ಒಂದು ವಾರಪತ್ರಿಕೆಗೆ ಲೇಖನ ಬರೆದರು. ಟೆನೆಸಿಯ ನ್ಯಾಶ್‌ವಿಲ್‌ನಲ್ಲಿದ್ದ ಮಾರಿಸ್ ಫ್ರಾಂಕ್ ಎಂಬ ಹುಡುಗನಿಗೆ ಅವನ ಅಪ್ಪ ಅದನ್ನು ಓದಿ ಹೇಳಿದರು. ಆತನ ಒಂದು ಕಣ್ಣು ಚಿಕ್ಕವನಿದ್ದಾಗಲೇ ಹೋಗಿತ್ತು. ಇನ್ನೊಂದು 16ನೇ ವಯಸ್ಸಿನಲ್ಲಿ ಹೋಯಿತು. ನನಗೊಂದು ನಾಯಿ ಕೊಡಿ, ಅಮೆರಿಕಕ್ಕೆ ವಾಪಸ್ ಬಂದು ಬೇರೆಯವರಿಗೂ ಕಲಿಸುತ್ತೇನೆ ಎಂದು ಆತ ಯೂಸ್ಟಿಸ್ ಅವರಿಗೆ ಪತ್ರ ಬರೆದ.

ಆತ ಸ್ವಿಟ್ಜರ್ಲೆಂಡಿಗೆ ಹೋದ ಪ್ರಯಾಣ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ದೃಷ್ಟಿ ಇಲ್ಲದವನು ಒಬ್ಬನೇ ಹೋಗುವುದು ಹೇಗೆ ಎಂದು ಅವನನ್ನು ಪಾರ್ಸೆಲ್ ಥರ ಸಾಗಣೆ ಕಂಪನಿಯ ವಶಕ್ಕೆ ಒಪ್ಪಿಸಿ ಕಳಿಸಿದರು. 1928ರ ಜೂನ್‌ನಲ್ಲಿ ಅದೇ ಹುಡುಗ ಬಡಿ ಎಂಬ ತನ್ನ ನಾಯಿಯೊಂದಿಗೆ ನ್ಯೂಯಾರ್ಕಿನಲ್ಲಿ ಹಡಗಿಳಿದ. ಪತ್ರಿಕೆಯವರು ನೋಡುತ್ತಿರುವಾಗಲೇ, ಲಾರಿ ಕಾರುಗಳು ತುಂಬಿ ಹರಿಯುವ ವೆಸ್ಟ್ ಸ್ಟ್ರೀಟನ್ನು ದಾಟಿದ. ಆಮೇಲೆ ಯೂಸ್ಟಿಸ್ ಅವರಿಗೆ ಹೋದ ತಂತಿಯಲ್ಲಿ ಇದ್ದದ್ದು ಒಂದೇ ಪದ. ಯಶಸ್ಸು ಎಂದು.

1929ರ ಜನವರಿಯಲ್ಲಿ ನ್ಯಾಶ್‌ವಿಲ್‌ನಲ್ಲಿ ಶಾಲೆ ಶುರುವಾಯಿತು. ಆರಂಭದ ಬಂಡವಾಳ ಯೂಸ್ಟಿಸ್ ಅವರದ್ದೇ. 1931ರಲ್ಲಿ ಶಾಲೆ ನಮ್ಮ ನ್ಯೂಜೆರ್ಸಿಗೆ ಬಂತು. ಕಲಿಯಲು ಬರುವವರು ತಮ್ಮ ಪಾಲಿನ ಹಣ ಕೊಟ್ಟೇ ನಾಯಿ ಪಡೆಯಬೇಕು ಎಂಬ ನಿಯಮ ಅವತ್ತಿನಿಂದಲೇ ಬೆಳೆದು ಬಂದದ್ದು. ಆಗಿನ ಕಾಲಕ್ಕೆ 150 ಡಾಲರ್ ಸಣ್ಣ ಮೊತ್ತವೇನಲ್ಲ. ಪಾರ್ಸೆಲ್ ಆಗಿ ಹೋದವನಿಗೆ ಚೆನ್ನಾಗಿ ಗೊತ್ತಿತ್ತು, ಕನಿಕರ ಎಷ್ಟು ಭಾರ ಅಂತ. ಹಣ ಕೊಟ್ಟು ಪಡೆದವರು ಯಾರ ಮುಂದೆಯೂ ತಲೆ ತಗ್ಗಿಸಬೇಕಿಲ್ಲ. ತರಬೇತಿ ಮುಗಿದ ಮೇಲೆ ನಾಯಿ ಅವರ ಸ್ವಂತದ್ದಾಗುತ್ತದೆ.

ಈ ವ್ಯವಸ್ಥೆ ನನಗೆ ತುಂಬಾ ಇಷ್ಟ. ನಾವು ಕೊಡುವ ಹಣ ಆ ವ್ಯಕ್ತಿಯ ಕೈಗೆ ಭಿಕ್ಷೆಯಾಗಿ ಬೀಳುವುದಿಲ್ಲ. ಶಾಲೆಗೆ ಹೋಗುತ್ತದೆ, ಅಲ್ಲಿ ಕೆಲಸ ಮಾಡುತ್ತದೆ. ಅವರಿಗೆ ನಾವು ಯಾರೆಂದು ಗೊತ್ತಾಗಬೇಕಾಗಿಯೂ ಇಲ್ಲ.

ಈಗ ಮರಿಗಳ ವಿಷಯ.

ನ್ಯೂಜೆರ್ಸಿಯ ಚೆಸ್ಟರ್‌ನಲ್ಲಿ ಶಾಲೆಯದ್ದೇ ತಳಿ ಕೇಂದ್ರವಿದೆ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್, ಮತ್ತೆ ಲ್ಯಾಬ್ ಮತ್ತು ಗೋಲ್ಡನ್ ಸೇರಿದ ಮಿಶ್ರ ತಳಿ. ತಾಯಿ ತಂದೆ ನಾಯಿಗಳ ಸೊಂಟದ ಕೀಲು, ಕಣ್ಣು, ಸ್ವಭಾವ ಎಲ್ಲ ಪರೀಕ್ಷೆ ಮಾಡಿಯೇ ಮರಿ ಮಾಡಿಸುತ್ತಾರೆ. ಮರಿಗೆ ಏಳೆಂಟು ವಾರ ಆದಾಗ ನಮ್ಮಂಥವರ ಮನೆಗೆ ಬರುತ್ತದೆ. ಒಂದು ವರ್ಷಕ್ಕೂ ಜಾಸ್ತಿ ನಮ್ಮ ಜೊತೆ ಇರುತ್ತದೆ.

ಇಲ್ಲಿ ಮಕ್ಕಳು ಕೇಳಿಸಿಕೊಳ್ಳಿ. ನ್ಯೂಜೆರ್ಸಿಯಲ್ಲಿ 1942ರಲ್ಲಿ ಮರಿ ಸಾಕುವ ಈ ಪದ್ಧತಿ ಶುರುವಾದದ್ದೇ 4-ಎಚ್ ಎಂಬ ಮಕ್ಕಳ ಸಂಘಟನೆಯ ಕ್ಲಬ್ಬಿನ ಮಕ್ಕಳಿಂದ. ಇವತ್ತಿಗೂ ಎಷ್ಟೋ ಮನೆಗಳಲ್ಲಿ ಮರಿಯ ಜವಾಬ್ದಾರಿ ಮಕ್ಕಳದ್ದೇ. ನಮ್ಮ ಮನೆಯಲ್ಲಿ ಮಗಳದ್ದು. ನಾವು ಕಲಿಸುವುದು ಸರ್ಕಸ್ ಅಲ್ಲ. ಮನೆಯೊಳಗೆ ಗಲೀಜು ಮಾಡಬಾರದು. ಜನರ ಮೇಲೆ ಹಾರಬಾರದು. ತಟ್ಟೆಗೆ ಬಾಯಿ ಹಾಕಬಾರದು. ಕೊನೆಯದು ನಮ್ಮ ಮನೆಗಳಲ್ಲಿ ಎಷ್ಟು ಕಷ್ಟ ಅಂತ ನಿಮಗೆ ಗೊತ್ತು. ಊರಿಂದ ಬಂದ ಅಜ್ಜಿ ಚಪಾತಿ ಚೂರು ಕೊಡದೆ ಇರುವುದು ಹೇಗೆ? ಕೊಡಬೇಡಿ ಅಮ್ಮ ಎಂದು ಕೈಮುಗಿದು ಹೇಳಬೇಕು. ಊಟದ ವಾಸನೆಗೆ ತಿರುಗುವ ಅಭ್ಯಾಸ ಬಿದ್ದ ನಾಯಿ ನಾಳೆ ಹೋಟೆಲಿನಲ್ಲೋ ರಸ್ತೆಯಲ್ಲೋ ತನ್ನ ಯಜಮಾನರನ್ನು ಪಕ್ಕಕ್ಕೆ ಎಳೆದುಬಿಡುತ್ತದೆ.

ಉಳಿದಂತೆ ಅದಕ್ಕೆ ಪ್ರಪಂಚ ತೋರಿಸುವುದು ನಮ್ಮ ಕೆಲಸ. ರೈಲು ಸ್ಟೇಷನ್, ಅಂಗಡಿ, ಲಿಫ್ಟ್, ಮಳೆ, ಹಿಮ, ಪಟಾಕಿ ಸದ್ದು, ಅಳುವ ಮಗು. ಮರಿಯ ಆಹಾರಕ್ಕೆ ಶಾಲೆ ಸ್ವಲ್ಪ ಹಣ ಕೊಡುತ್ತದೆ, ಪಶುವೈದ್ಯರ ಖರ್ಚು ನೋಡಿಕೊಳ್ಳುತ್ತದೆ. ಅಂದರೆ ದಾನಿಗಳು ನೋಡಿಕೊಳ್ಳುತ್ತಾರೆ. ನಾವು ಕೊಡುವುದು ಸಮಯ. ಒಂದು ಸಂಬಳದ ಮನೆಯೂ ಮರಿ ಸಾಕಬಹುದು ಅಂತಾದರೆ ಅದು ಆ ದಾನಿಗಳಿಂದಲೇ.

ನಂತರ ಮರಿ ಶಾಲೆಗೆ ವಾಪಸ್ ಹೋಗುತ್ತದೆ. ಕಳಿಸುವಾಗ ಅಳು ಬರಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಬರುತ್ತದೆ.

ಶಾಲೆಯಲ್ಲಿ ಸುಮಾರು ನಾಲ್ಕು ತಿಂಗಳ ತರಬೇತಿ. ಹಣ ಜಾಸ್ತಿ ಹೋಗುವುದು ಇಲ್ಲಿ. ಹಾರ್ನೆಸ್, ಬಿಸ್ಕತ್ತಿಗೆ ಎಷ್ಟಾದೀತು? ಖರ್ಚು ಮನುಷ್ಯರದ್ದು. ಒಬ್ಬ ತರಬೇತುದಾರ ತಯಾರಾಗಲು ಸುಮಾರು 3 ವರ್ಷ ಹಿರಿಯರ ಕೈಕೆಳಗೆ ಕೆಲಸ ಮಾಡಬೇಕು. ಅವರು ನಾಯಿಗೆ ಕಲಿಸುವುದನ್ನು ಹತ್ತಿರದಿಂದ ನೋಡಿದರೆ ನಮ್ಮ ಎಷ್ಟೋ ಕಲ್ಪನೆ ಬದಲಾಗುತ್ತದೆ. ನಾಯಿ ಟ್ರಾಫಿಕ್ ಲೈಟ್ ನೋಡಿ ರಸ್ತೆ ದಾಟಿಸುತ್ತದೆ ಅಂದುಕೊಂಡಿರುತ್ತೇವೆ. ಹಾಗಲ್ಲ. ವಾಹನಗಳ ಸದ್ದು ಕೇಳಿ ಈಗ ದಾಟಬಹುದು ಎಂದು ತೀರ್ಮಾನಿಸುವವರು ಮನುಷ್ಯರೇ. ಎಲ್ಲಿಗೆ ಹೋಗಬೇಕು, ಎಷ್ಟನೇ ತಿರುವು ಎಂದು ತಿಳಿದಿರಬೇಕಾದವರೂ ಅವರೇ. ನಾಯಿ ಫುಟ್‌ಪಾತಿನ ಅಂಚು ಬಂದಾಗ ನಿಲ್ಲುತ್ತದೆ, ಮೆಟ್ಟಿಲು ಬಂದಾಗ ನಿಲ್ಲುತ್ತದೆ, ಅಡ್ಡ ನಿಂತ ಸೈಕಲ್ಲು, ತಲೆಗೆ ತಾಗುವ ಕೊಂಬೆ ಇವುಗಳಿಂದ ತಪ್ಪಿಸಿ ಕರೆದೊಯ್ಯುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಪಾಠ ಇನ್ನೊಂದಿದೆ. ಮುಂದೆ ಹೋಗು ಎಂದು ಯಜಮಾನರು ಹೇಳಿದರೂ ಎದುರಿಗೆ ಕಾರು ಬರುತ್ತಿದ್ದರೆ ನಾಯಿ ಹೋಗಕೂಡದು. ಮಾತು ಮೀರಬೇಕು. ಇದನ್ನು ಕಲಿಸಲು ಶಾಲೆಯ ಸಿಬ್ಬಂದಿಯೇ ಕಾರು ಓಡಿಸಿಕೊಂಡು ಬಂದು ಬೇಕೆಂದೇ ನಾಯಿಯ ಮುಂದೆ ಅಡ್ಡ ಹಾಯುತ್ತಾರೆ. ಹೆಚ್ಚು ಸದ್ದು ಮಾಡದ ಹೈಬ್ರಿಡ್ ಕಾರುಗಳನ್ನೂ ಬಳಸುತ್ತಾರೆ. ದೃಷ್ಟಿ ಇಲ್ಲದವರಿಗೆ ಸುಲಭವಾಗಿ ಕೇಳಿಸದ ಕಾರು ಅದು. ಕೊನೆಗೆ ತರಬೇತುದಾರರು ತಮ್ಮ ಕಣ್ಣಿಗೇ ಪಟ್ಟಿ ಕಟ್ಟಿಕೊಂಡು ಆ ನಾಯಿಯನ್ನು ನಂಬಿ ರಸ್ತೆಯಲ್ಲಿ ನಡೆದು ನೋಡುತ್ತಾರೆ.

ಎಲ್ಲ ನಾಯಿಗಳೂ ಇಲ್ಲಿ ಪಾಸಾಗುವುದಿಲ್ಲ. ನಮ್ಮಲ್ಲಿ ಬೆಳೆದ ಒಂದು ಮರಿ ಆಗಲಿಲ್ಲ. ಆರೋಗ್ಯ ಚೆನ್ನಾಗಿತ್ತು, ಜಾಣ ಇತ್ತು. ಆದರೆ ದೊಡ್ಡ ಲಾರಿ ಬ್ರೇಕ್ ಹಾಕಿದರೆ ಒಂದು ಕ್ಷಣ ಹಿಂದೆ ಸರಿಯುತ್ತಿತ್ತು. ತರಬೇತುದಾರರು ಬೇಡ ಅಂದರು. ಅವರು ಹೇಳಿದ್ದು ಸರಿ. ಇಂಥ ನಾಯಿಗಳು ಬೇರೆ ಕೆಲಸಕ್ಕೆ ಹೋಗುತ್ತವೆ, ಇಲ್ಲವೇ ಸಾಕಿದ ಮನೆಗೇ ಮೊದಲು ಕೇಳುತ್ತಾರೆ. ನಮ್ಮದು ಈಗ ನಮ್ಮ ಸೋಫಾದ ಕೆಳಗೆ ಮಲಗುತ್ತದೆ.

ಒಬ್ಬ ಹಿರಿಯರು ಇದನ್ನು ಕೇಳಿ, ಹಾಗಾದರೆ ಅದರ ಮೇಲೆ ಹಾಕಿದ ದುಡ್ಡೆಲ್ಲ ವ್ಯರ್ಥ ಆಯಿತಲ್ಲಮ್ಮ ಅಂದರು. ಅವರು ಪ್ರೀತಿಯಿಂದಲೇ ಕೇಳಿದ್ದು. ಆ ಪ್ರಶ್ನೆಗೆ ಉತ್ತರ ಹೇಳುವುದಕ್ಕೇ ನಾನು ಇವತ್ತು ಇಲ್ಲಿ ನಿಂತಿದ್ದೇನೆ. ವ್ಯರ್ಥ ಆಗಲಿಲ್ಲ. ಶಾಲೆಗೆ ಹಣದ ಬಿಗಿ ಇದೆ ಅಂದುಕೊಳ್ಳಿ. ಹತ್ತಾರು ಸಾವಿರ ಡಾಲರ್ ಹಾಕಿ ಆಗಿದೆ, ಕಾಯುವವರು ಕಾಯುತ್ತಿದ್ದಾರೆ. ಸ್ವಲ್ಪ ಹೆದರುತ್ತದೆ, ಪರವಾಗಿಲ್ಲ, ಕಳಿಸಿಬಿಡೋಣ ಅನ್ನಿಸುವುದಿಲ್ಲವೇ? ಆ ಒಂದು ಕ್ಷಣದ ಹಿಂಜರಿತಕ್ಕೆ ನಡು ರಸ್ತೆಯಲ್ಲಿ ಬೆಲೆ ತೆರುವವರು ಯಾರು? ಈ ನಾಯಿ ಬೇಡ ಎಂದು ಶಾಲೆ ಧೈರ್ಯವಾಗಿ ಹೇಳಬೇಕಾದರೆ ಅದರ ಬೆನ್ನ ಹಿಂದೆ ಹಣ ಇರಬೇಕು. ದಾನಿಗಳು ಕೊಡುವುದು ಆ ಧೈರ್ಯಕ್ಕೆ. ಹಾರ್ನೆಸ್ ಹಾಕಿಕೊಂಡು ಹೋದ ನಾಯಿಯನ್ನು ನಂಬಬಹುದು ಅಂತಾದರೆ, ಹೋಗದೆ ಉಳಿದ ನಾಯಿಗಳ ಖರ್ಚನ್ನೂ ಯಾರೋ ಹೊತ್ತಿದ್ದಾರೆ ಎಂದೇ ಅರ್ಥ.

ಹಾಗಾಗಿ ನನ್ನದೊಂದು ವಿನಂತಿ. ಕೊಡುವಾಗ ಇದು ಮರಿಗೇ ಹೋಗಬೇಕು, ಇದು ಹಾರ್ನೆಸ್‌ಗೇ ಹೋಗಬೇಕು ಎಂದು ಕಟ್ಟು ಹಾಕಬೇಡಿ. ಮರಿಗೆ ಹೆಸರಿಡುವ ಅವಕಾಶ ಹಲವು ಶಾಲೆಗಳಲ್ಲಿ ದೊಡ್ಡ ದಾನಿಗಳಿಗೆ ಇದೆ. ಅದು ಸಂತೋಷದ ವಿಷಯ, ತಪ್ಪೇನಿಲ್ಲ. ಆದರೆ ಮರಿಯ ಫೋಟೋ ನೋಡಿ ಎಲ್ಲರ ಮನಸ್ಸೂ ಕರಗುತ್ತದೆ. ತರಬೇತುದಾರರ ಸಂಬಳ, ಎಕ್ಸ್‌ರೇ ಯಂತ್ರ, ವ್ಯಾನಿನ ಪೆಟ್ರೋಲು ಇವುಗಳ ಫೋಟೋ ನೋಡಿ ಯಾರ ಮನಸ್ಸೂ ಕರಗಲ್ಲ. ಕೆಲಸ ನಡೆಯುವುದು ಅವುಗಳಿಂದಲೇ.

ದೊಡ್ಡ ಮೊತ್ತ ಕೊಡುವವರಿಂದ ಮಾತ್ರ ಇದು ನಡೆದಿಲ್ಲ. ಇಂಗ್ಲೆಂಡಿನಲ್ಲಿ 1931ರಲ್ಲಿ ಇಬ್ಬರು ಮಹಿಳೆಯರು, ಮ್ಯೂರಿಯಲ್ ಕ್ರುಕ್ ಮತ್ತು ರೋಸಮಂಡ್ ಬಾಂಡ್, ನಾಲ್ಕು ನಾಯಿಗಳೊಂದಿಗೆ ಈ ಕೆಲಸ ಶುರು ಮಾಡಿದರು. 1964ರಲ್ಲಿ ಬಿಬಿಸಿಯ ಮಕ್ಕಳ ಕಾರ್ಯಕ್ರಮವೊಂದು, ಹಾಲಿನ ಬಾಟಲಿಯ ಮೇಲಿನ ಬೆಳ್ಳಿ ಬಣ್ಣದ ಮುಚ್ಚಳಗಳನ್ನು ಕೂಡಿಸಿ ಕಳಿಸಿ ಎಂದು ಮಕ್ಕಳಿಗೆ ಹೇಳಿತು. ಟನ್ನುಗಟ್ಟಲೆ ಬಂತು! ಅವನ್ನು ಮಾರಿ ಬಂದ ಹಣದಿಂದ ಹನಿ ಎಂಬ ಮರಿ ಗೈಡ್ ಡಾಗ್ ಆಗಿ ಬೆಳೆಯಿತು. ಈ ದೇಶದಲ್ಲಿ ಲಯನ್ಸ್ ಕ್ಲಬ್ ಇದೆ. ನಮ್ಮ ಊರುಗಳಲ್ಲಿ ಲಯನ್ಸ್ ಅಂದರೆ ಕಣ್ಣಿನ ಶಿಬಿರ ನೆನಪಾಗುತ್ತದಲ್ವಾ? ಅದಕ್ಕೆ ಕಾರಣ 1925ರಲ್ಲಿ ಓಹಾಯೋದ ಸೀಡರ್ ಪಾಯಿಂಟ್‌ನಲ್ಲಿ ಹೆಲೆನ್ ಕೆಲ್ಲರ್ ಮಾಡಿದ ಭಾಷಣ. ಅಂಧರ ಪರವಾಗಿ ನಿಲ್ಲಿ ಎಂದು ಆಕೆ ಲಯನ್ಸ್ ಸದಸ್ಯರನ್ನು ಕೇಳಿಕೊಂಡರು. 1939ರಲ್ಲಿ ಡೆಟ್ರಾಯಿಟ್‌ನ ಲಯನ್ಸ್ ಸದಸ್ಯರು ಶುರು ಮಾಡಿದ ಲೀಡರ್ ಡಾಗ್ಸ್ ಶಾಲೆ ಇಂದಿಗೂ ಮಿಷಿಗನ್‌ನಲ್ಲಿ ನಡೆಯುತ್ತಿದೆ. ಸಣ್ಣ ಸಣ್ಣ ಊರುಗಳ ಕ್ಲಬ್ಬುಗಳು ಅದಕ್ಕೆ ಹಣ ಕೂಡಿಸುತ್ತವೆ.

ಬೆಂಗಳೂರಿಗೆ ಇಂಥ ನಾಯಿ ಕಳಿಸಬಹುದಲ್ಲಾ ಎಂದೂ ಕೆಲವರು ಕೇಳಿದ್ದೀರಿ. ನನ್ನ ಅಭಿಪ್ರಾಯ ಹೇಳುತ್ತೇನೆ. ಫುಟ್‌ಪಾತ್ ತುಂಡು ತುಂಡಾಗಿರುವ, ಬೀದಿ ನಾಯಿಗಳು ಗುಂಪಾಗಿ ಇರುವ ರಸ್ತೆಯಲ್ಲಿ ಈ ನಾಯಿಗೆ ಕೆಲಸ ಮಾಡುವುದು ತುಂಬಾ ಕಷ್ಟ. ಕಳಿಸಿದ ಮೇಲೆ ಅದರ ತರಬೇತಿಯನ್ನು ನೋಡಿಕೊಳ್ಳುವವರೂ ಹತ್ತಿರ ಇರಬೇಕು. ಅಲ್ಲಿ ಸಹಾಯ ಮಾಡಬೇಕೆಂದಿದ್ದರೆ ಬಿಳಿ ಕೋಲು ಹಿಡಿದು ಒಬ್ಬರೇ ಓಡಾಡಲು ಕಲಿಸುವ ಸಂಸ್ಥೆಗಳಿಗೆ ಕೊಡಿ. ಕೋಲಿನಲ್ಲಿ ಚೆನ್ನಾಗಿ ಓಡಾಡಲು ಬಂದವರೇ ಇಲ್ಲಿಯೂ ನಾಯಿಯ ಜೊತೆ ಚೆನ್ನಾಗಿ ಹೊಂದಿಕೊಳ್ಳುತ್ತಾರೆ.

ಕೊನೆಗೆ ಸ್ವಲ್ಪ ಉಪಯೋಗಕ್ಕೆ ಬರುವ ಮಾತು. ಒಂದೇ ಸಲ ದೊಡ್ಡ ಚೆಕ್ ಬರೆಯುವುದಕ್ಕಿಂತ ತಿಂಗಳು ತಿಂಗಳು ಸ್ವಲ್ಪ ಕೊಡುವುದು ಶಾಲೆಗೆ ಒಳ್ಳೆಯದು. ಇವತ್ತು ಹುಟ್ಟಿದ ಮರಿ ಕೆಲಸಕ್ಕೆ ಇಳಿಯಲು ಎರಡು ವರ್ಷದ ಹತ್ತಿರ ಆಗುತ್ತದೆ. ಅಷ್ಟು ದೂರಕ್ಕೆ ಲೆಕ್ಕ ಹಾಕಬೇಕಾದರೆ ಹಣ ಬರುತ್ತಲೇ ಇರುತ್ತದೆ ಎಂಬ ಭರವಸೆ ಬೇಕು. ನಿಮ್ಮಲ್ಲಿ ಜಾಸ್ತಿ ಜನ ಐಟಿ, ಔಷಧ ಕಂಪನಿಗಳಲ್ಲಿದ್ದೀರಿ. ನೌಕರರು ಕೊಟ್ಟಷ್ಟೇ ಹಣವನ್ನು ತಾವೂ ಸೇರಿಸಿ ಕೊಡುವ ಕಂಪನಿಗಳು ತುಂಬಾ ಇವೆ. ನಿಮ್ಮ ಆಫೀಸಿನಲ್ಲಿ ಆ ಸೌಲಭ್ಯ ಇದೆಯೇ ಎಂದು ಸೋಮವಾರ ಎಚ್‌ಆರ್‌ನವರನ್ನು ಕೇಳಿ. ಆ ಅರ್ಜಿ ತುಂಬಲು ಜಾಸ್ತಿ ಹೊತ್ತು ಬೇಕಾಗಲ್ಲ.

ಮರಿ ಸಾಕುವ ಆಸೆ ಇದ್ದವರು ಮೊದಲು ಹತ್ತಿರದ ಮರಿ ಸಾಕುವವರ ಕ್ಲಬ್ಬಿನ ಸಭೆಗೆ ಹೋಗಿ ನೋಡಿ. ಮನೆಯವರೆಲ್ಲ ಒಪ್ಪಿದ ಮೇಲೆ ಮುಂದುವರಿಯಿರಿ. ಹೊರಗೆ ಕಾಫಿ ಟೇಬಲ್ ಪಕ್ಕ ನನ್ನ ಮಗಳು ಈಗಿನ ಮರಿಯೊಂದಿಗೆ ಇರುತ್ತಾಳೆ. ಮಕ್ಕಳು ಮರಿಯನ್ನು ಮುಟ್ಟುವ ಮುಂಚೆ ಅವಳನ್ನು ಕೇಳಿ. ತಿಂಡಿ ಮಾತ್ರ ದಯವಿಟ್ಟು ಕೊಡಬೇಡಿ. ಈಗ ನಿಮ್ಮ ಪ್ರಶ್ನೆಗಳಿದ್ದರೆ ಹೇಳಿ.