ಆ ಒಂದು 'ಎ' ಮಾಡೋ ಕೆಲ್ಸ

ನಮಸ್ಕಾರ. ಹೈವೇ ಪಕ್ಕ ಶೇರ್-ಎ-ಪಂಜಾಬ್ ಅಂತ ಢಾಬಾ ಬೋರ್ಡ್ ನೋಡಿರ್ತೀರ, ಟಿಪ್ಪುನ ಶೇರ್-ಎ-ಮೈಸೂರ್ ಅನ್ನೋದೂ ಕೇಳಿರ್ತೀರ, ಮಧ್ಯ ಕೂತಿರೋ ಆ 'ಎ' ಇದ್ಯಲ್ಲ, ಅದು ಪರ್ಷಿಯನ್ ಭಾಷೆಯಿಂದ ಬಂದಿದ್ದು, ಹೆಸ್ರು ಎಜಾಫೆ. ನಮ್ಮ ಷಷ್ಠಿ ವಿಭಕ್ತಿ ಮಾಡೋ ಕೆಲ್ಸಾನೇ ಇದೂ ಮಾಡುತ್ತೆ, ಆದ್ರೆ ನಮ್ಮಲ್ಲಿ ಬಾಲ ಅಂಟೋದು ಒಡೆಯನಿಗೆ, ಅಲ್ಲಿ ಅಂಟೋದು ವಸ್ತುವಿಗೆ. ನಾವು 'ನನ್ನ ಗೆಳೆಯನ ಮಗನ ಪುಸ್ತಕ' ಅಂದ್ರೆ ಅವ್ರು 'ಕೆತಾಬೆ ಪೆಸರೆ ದೂಸ್ತೆ ಮನ್' ಅಂತಾರೆ, ಪುಸ್ತಕ, ಮಗ, ಗೆಳೆಯ, ನಾನು, ನಮ್ಮ ವಾಕ್ಯಾನ ಕನ್ನಡೀಲಿ ನೋಡ್ದಂಗೆ! ಇನ್ನೊಂದು ತಮಾಷೆ ಏನಂದ್ರೆ ಈ 'ಎ'ನ ಬಾಯಲ್ಲಿ ಹೇಳ್ತಾರೆ, ಬರೆಯೋವಾಗ ಹೆಚ್ಚಿನ ಕಡೆ ಬರೆಯೋದೇ ಇಲ್ಲ, ಓದೋನೇ ಅರ್ಥ ನೋಡ್ಕೊಂಡು ಸೇರಿಸ್ಕೋಬೇಕು. ಕಲಿಯೋಕೆ ಕೂತಾಗ ನಂಗೆ ತಲೆ ಕೆಟ್ಟಿದ್ದು ಇಲ್ಲೇ.

ಇಷ್ಟುದ್ದ ಬೇಡ ಅಂದ್ರೆ ಶಾರ್ಟ್‌ಕಟ್ ಇದೆ, 'ಕೆತಾಬಮ್' ಅಂದ್ರೂ ನನ್ನ ಪುಸ್ತಕಾನೇ, 'ಕೆತಾಬಶ್' ಅಂದ್ರೆ ಅವನದೋ ಅವಳದೋ, ಗಂಡು ಹೆಣ್ಣು ಅನ್ನೋ ಭೇದ ಪರ್ಷಿಯನ್ ಸರ್ವನಾಮದಲ್ಲಿ ಇಲ್ಲ. ಈ 'ಅಶ್'ನ ಸ್ವಲ್ಪ ನೆನಪಿಟ್ಕೊಳ್ಳಿ.

ಈಗ 'ನಿನ್ನೆ ಬಂದ ಗಂಡಸು' ತಗೊಳ್ಳಿ. ನಾವು ಬಂದ ಅನ್ನೋ ಕೃದಂತಾನ ಮುಂದೆ ತಂದು ನಿಲ್ಲಿಸ್ತೀವಿ, ಮುಗೀತು. ಅವ್ರು ಮೊದ್ಲು ಗಂಡಸನ್ನ ಹೇಳಿ, ಅವನಿಗೊಂದು 'ಈ' ಅಂಟಿಸಿ, 'ಕೆ' ಅಂತ ಹಾಕಿ ಆಮೇಲೆ ಕಥೆ ಬಿಚ್ತಾರೆ: 'ಮರ್ದೀ ಕೆ ದೀರೂಜ್ ಆಮದ್'. ಸರಿ, ಮಗ ಡಾಕ್ಟರ್ ಆಗಿರೋ ಗಂಡಸು ಅನ್ಬೇಕಾದ್ರೆ? ಕನ್ನಡದಲ್ಲಿ ಯಾರ ಮಗ ಅಂತ ನಾವು ಹೇಳೋದೇ ಇಲ್ಲ, ಕೇಳೋರು ಊಹಿಸ್ಕೋತಾರೆ. ಅಲ್ಲಿ ಬಿಡಂಗಿಲ್ಲ, 'ಮರ್ದೀ ಕೆ ಪೆಸರಶ್ ದೋಕ್ತೊರ್ ಅಸ್ತ್', ಅಂದ್ರೆ ಗಂಡಸು, ಏನಪ್ಪಾ ಅಂದ್ರೆ, ಅವನ ಮಗ ಡಾಕ್ಟರ್. ಆಗ ಹೇಳಿದ್ನಲ್ಲ, ಅದೇ 'ಅಶ್' ಇಲ್ಲಿ ಬಂದು ಗಂಟು ಹಾಕೋದು. ವ್ಯಾಕರಣದ ಪುಸ್ತಕದಲ್ಲಿ ಇದನ್ನ ದೊಡ್ಡ ವಿಷ್ಯ ಮಾಡಿರ್ತಾರೆ, ನಮ್ಮಜ್ಜಿ ಕಥೆ ಹೇಳೋವಾಗ ಹಿಂಗೇ ಹೇಳ್ತಿದ್ಲು ಅನ್ಸುತ್ತೆ ನಂಗೆ.

'ಟೆಹ್ರಾನಲ್ಲಿರೋ ನನ್ನ ತಮ್ಮ' ಅಂದ್ರೆ ನಿಮಗೆ ಒಬ್ನೇ ತಮ್ಮನೋ, ಇಬ್ರು ಮೂವರಲ್ಲಿ ಅಲ್ಲಿರೋನೋ, ಕನ್ನಡದಲ್ಲಿ ಗೊತ್ತಾಗಲ್ಲ. ಅವ್ರು 'ಬರಾದರಮ್ ಕೆ ದರ್ ತೆಹ್ರಾನ್ ಅಸ್ತ್' ಅಂದ್ರೆ ಸಾಮಾನ್ಯವಾಗಿ ತಮ್ಮ ಯಾರಂತ ಮೊದ್ಲೇ ಗೊತ್ತು, ಊರು ಬರೀ ಎಕ್ಸ್‌ಟ್ರಾ ಮಾಹಿತಿ. ಬೇರೆಯವ್ರಿಂದ ಅವನನ್ನ ಆರಿಸಿ ತೋರಿಸ್ಬೇಕಾದ್ರೆ ಮುಂದೆ ಒಂದು 'ಆನ್' ಹಾಕ್ತಾರೆ, 'ಆನ್ ಬರಾದರಮ್ ಕೆ'. ಆನ್ ಅಂದ್ರೆ ನಮ್ಮ 'ಆ', ಆ ತಮ್ಮ ಇದಾನಲ್ಲ, ಅವ್ನು.